ಸೈಲೆಂಟ್ ಕೀಗಳ ಪೆಟ್ಟಿಗೆ ಬಿಚ್ಚುವಾಗ ನ್ಯಾನೊವಿಎನ್‌ಎ ಎಚ್4: ಕ್ಲಬ್‌ಗಳಿಗಾಗಿ ಒಂದು ವಿಮರ್ಶೆ

ಹ್ಯಾಮ್ (ಹವ್ಯಾಸಿ) ರೇಡಿಯೊ ಕ್ಲಬ್‌ನ ಸದಸ್ಯರೊಬ್ಬರು ತೀರಿಕೊಂಡರೆ ಅವರನ್ನು 'ಸೈಲೆಂಟ್ ಕೀ' ಎನ್ನುತ್ತೇವೆ. ಮೋರ್ಸ್ ಕೀ ಇನ್ನು ಸದ್ದು ಮಾಡುವುದಿಲ್ಲ ಎಂದು ಅರ್ಥ. ತಂತಿ ಸಂದೇಶದ ಕಾಲದಿಂದ ಬಂದ ಮಾತು. ಹಲವು ಕ್ಲಬ್‌ಗಳ ವಾರದ ನೆಟ್‌ನಲ್ಲಿ (ರೇಡಿಯೊದಲ್ಲೇ ಸೇರುವ ಸಭೆ) ಅವರ ಕಾಲ್‌ಸೈನನ್ನು, ಅಂದರೆ ರೇಡಿಯೊದ ಗುರುತಿನ ಹೆಸರನ್ನು, ಕೊನೆಯ ಸಲ ಕರೆದು, ಉತ್ತರಕ್ಕೆಂದು ಜಾಗ ಬಿಟ್ಟು, ಎಲ್ಲರೂ ಸ್ವಲ್ಪ ಹೊತ್ತು ಮೈಕ್ ಒತ್ತದೆ ಸುಮ್ಮನಿರುತ್ತಾರೆ. ಕೆಲವು ತಿಂಗಳು ಕಳೆದ ಮೇಲೆ ಮನೆಯವರ ಕರೆ ಬರುತ್ತದೆ: ಅವರ ಸಾಮಾನೆಲ್ಲ ಹಾಗೇ ಇದೆ, ಬಂದು ನೋಡುತ್ತೀರಾ?

ರೇಡಿಯೊ ಸೆಟ್‌ಗಳದ್ದು ಸುಲಭ, ಮುಂದೆಯೇ ಹೆಸರಿರುತ್ತದೆ. ತಲೆನೋವು ಉಳಿದದ್ದರದು. ಸುರುಳಿ ಸುತ್ತಿದ ಕೇಬಲ್‌ಗಳು, ಡಬ್ಬಿಯೊಳಗೆ ಮುಚ್ಚಿಟ್ಟ ಬಾಲನ್‌ಗಳು (ಕೇಬಲನ್ನು ಆಂಟೆನಾಕ್ಕೆ ಹೊಂದಿಸುವ ಟ್ರಾನ್ಸ್‌ಫಾರ್ಮರ್‌ಗಳು), ಬಣ್ಣ ಮಾಸಿದ ಟೊರಾಯ್ಡ್‌ಗಳು (ತಂತಿ ಸುತ್ತುವ ಉಂಗುರಗಳು), ಅಳತೆ ಬರೆಯದ ಆಂಟೆನಾಗಳು. ಯಾವುದು ಏನು ಎನ್ನುವುದು ಕಟ್ಟಿದವರ ತಲೆಯಲ್ಲಿತ್ತು. ಪರೀಕ್ಷೆ ಮಾಡದೆ ರಾಶಿಯಾಗಿ ಮಾರಿದರೆ ಮನೆಯವರಿಗೆ ನಷ್ಟ. ಒಳ್ಳೆಯದೆಂದು ನಂಬಿ ಕೊಂಡ ಹೊಸ ಸದಸ್ಯನಿಗೆ ನೀರು ಕುಡಿದ ಕೇಬಲ್ ಸಿಕ್ಕರೆ ಅವನಿಗೂ ನಷ್ಟ. ನ್ಯಾನೊವಿಎನ್‌ಎ ಎಚ್4 ಅನ್ನು ಇಲ್ಲಿ ನೋಡುತ್ತಿರುವುದು ಈ ಕೆಲಸದ ಕಣ್ಣಿನಿಂದಲೇ.

ಇದು ಅಂಗೈಯಲ್ಲಿ ಹಿಡಿಸುವ ವೆಕ್ಟರ್ ನೆಟ್‌ವರ್ಕ್ ಅನಲೈಜರ್, ಅಂದರೆ ಕೇಬಲ್, ಆಂಟೆನಾ, ಫಿಲ್ಟರ್‌ಗಳಿಗೆ ಸಂಕೇತ ಕಳಿಸಿ ಎಷ್ಟು ತಿರುಗಿ ಬಂತು, ಎಷ್ಟು ದಾಟಿಹೋಯಿತು ಎಂದು ಅಳೆಯುವ ಯಂತ್ರ. ಮೂಲ ವಿನ್ಯಾಸ ಇಡಿವೈ555 ಎಂಬ ಹೆಸರಿನಲ್ಲಿ ಬರೆಯುವ ಜಪಾನಿನ ಹವ್ಯಾಸಿಯದು. ಅದು ಮುಕ್ತ ವಿನ್ಯಾಸವಾದ್ದರಿಂದ ಹತ್ತಾರು ರೂಪಗಳಲ್ಲಿ ಹರಡಿತು. ಚಿಕ್ಕ ಎಚ್ ಮಾದರಿಯ ಪರದೆ 2.8 ಇಂಚು, ಎಚ್4ನದು 4 ಇಂಚು. ಒಬ್ಬರೇ ಬಳಸುವುದಾದರೆ ಚಿಕ್ಕದು ಸಾಕು. ಕ್ಲಬ್‌ಗೆ ಎಚ್4 ಬೇಕು, ಏಕೆಂದರೆ ಬೆಂಚಿನ ಸುತ್ತ ಮೂರು ಜನ ನಿಂತು ಒಂದೇ ಗೆರೆಯನ್ನು ನೋಡಬೇಕಾಗುತ್ತದೆ. ಅಳೆಯುವ ಬಿಂದುಗಳು ಚಿಕ್ಕದರಲ್ಲಿ 101, ಎಚ್4ನಲ್ಲಿ 401ರ ತನಕ. ಮೈಕ್ರೊ ಎಸ್‌ಡಿ ಕಾರ್ಡ್‌ಗೆ ಜಾಗವೂ ಇದೆ. ಕೆಲವು ಅಗ್ಗದ ನಕಲುಗಳಲ್ಲಿ ಮಿಕ್ಸರ್‌ಗಳ (ಸಂಕೇತ ಬೆರೆಸುವ ಚಿಪ್‌ಗಳ) ಮೇಲಿನ ಲೋಹದ ಮುಚ್ಚಳ ಇರುವುದಿಲ್ಲ. ಅಂಥದ್ದರಲ್ಲಿ ಎರಡು ಪೋರ್ಟ್‌ಗಳ ನಡುವೆ ಸಂಕೇತ ಸೋರಿ, ಫಿಲ್ಟರ್ ಅಳೆಯುವಾಗ ಸುಳ್ಳು ತೋರಿಸುತ್ತದೆ. ಕೊಳ್ಳುವ ಮೊದಲು ಒಳಗಿನ ಚಿತ್ರ ಕೇಳಿ ನೋಡಿ.

ಶುರುವಿನಲ್ಲಿ ಎಲ್ಲರೂ ಎಡವುವುದು ವ್ಯಾಪ್ತಿ ಆರಿಸುವಲ್ಲಿ. ಎಲ್ಲವನ್ನೂ ಒಟ್ಟಿಗೆ ನೋಡೋಣವೆಂದು 50 ಕಿಲೋಹರ್ಟ್ಜ್‌ನಿಂದ 900 ಮೆಗಾಹರ್ಟ್ಜ್‌ವರೆಗೆ 101 ಬಿಂದುಗಳಲ್ಲಿ ಸ್ವೀಪ್ ಮಾಡಿದರೆ (ಒಂದೊಂದೇ ಆವರ್ತನ ಅಳೆಯುತ್ತ ಹೋದರೆ) ಬಿಂದುವಿನಿಂದ ಬಿಂದುವಿಗೆ 9 ಮೆಗಾಹರ್ಟ್ಜ್ ಅಂತರ ಬೀಳುತ್ತದೆ. ಎರಡು ಮೀಟರ್ ಬ್ಯಾಂಡ್‌ನ (145 ಮೆಗಾಹರ್ಟ್ಜ್ ಸುತ್ತಿನ) ಆಂಟೆನಾ ಹೊಂದುವ ಆವರ್ತನದಲ್ಲಿ ಗೆರೆ ಇಳಿಯುವ ಇಡೀ ತಗ್ಗು ಆ ಅಂತರದಲ್ಲಿ ಮಾಯವಾಗಿ, ಆಂಟೆನಾ ಸತ್ತಿದೆ ಎಂದು ತೀರ್ಮಾನವಾಗಿಬಿಡುತ್ತದೆ. 140ರಿಂದ 150 ಎಂದು ಕೊಟ್ಟರೆ ಅದೇ 101 ಬಿಂದುಗಳಿಗೆ 100 ಕಿಲೋಹರ್ಟ್ಜ್ ಅಂತರ. ತಗ್ಗು ಎದ್ದು ಕಾಣುತ್ತದೆ.

ಮೊದಲು ವ್ಯಾಪ್ತಿ, ಆಮೇಲೆ ಕ್ಯಾಲಿಬ್ರೇಶನ್, ಅಂದರೆ ಯಂತ್ರದ ಅಳತೆ ಸರಿಹೊಂದಿಸುವುದು. ಹಳೆಯದನ್ನು ರೀಸೆಟ್ ಮಾಡಿ, ಓಪನ್, ಶಾರ್ಟ್, ಲೋಡ್ ಎಂಬ ಮೂರು ಕ್ಯಾಲಿಬ್ರೇಶನ್ ತುಂಡುಗಳನ್ನು ಒಂದೊಂದಾಗಿ ಕೂರಿಸಿ, ಎರಡೂ ಪೋರ್ಟ್ ಬಳಸುವುದಾದರೆ ಐಸೊಲೇಶನ್ ಮತ್ತು ಥ್ರೂ ಕೂಡ ಮುಗಿಸಿ ಉಳಿಸಿ. ಸೊನ್ನೆಯ ಸ್ಲಾಟ್‌ನಲ್ಲಿ ಉಳಿಸಿದ್ದು ಆನ್ ಮಾಡಿದಾಗ ತಾನೇ ಬರುತ್ತದೆ. ಪರದೆಯ ಎಡ ಅಂಚಿನಲ್ಲಿ ದೊಡ್ಡ 'ಸಿ' ಇದ್ದರೆ ಕ್ಯಾಲಿಬ್ರೇಶನ್ ಸರಿಯಾಗಿ ಹೊಂದಿದೆ. ಚಿಕ್ಕ 'ಸಿ' ಕಂಡರೆ ಯಾರೋ ವ್ಯಾಪ್ತಿ ಬದಲಿಸಿದ್ದಾರೆ, ಯಂತ್ರ ನಡುವಿನ ಬೆಲೆಗಳನ್ನು ಅಂದಾಜಿನಿಂದ ತುಂಬುತ್ತಿದೆ. ಹತ್ತು ಕೈ ಮುಟ್ಟುವ ಯಂತ್ರದಲ್ಲಿ ಈ ಒಂದು ಅಕ್ಷರ ನೋಡುವ ಅಭ್ಯಾಸ ಎಲ್ಲರಿಗೂ ಆಗಬೇಕು. ಅಡಾಪ್ಟರ್ ಬಳಸುತ್ತಿದ್ದರೆ ಅದರ ತುದಿಯಲ್ಲೇ ಕ್ಯಾಲಿಬ್ರೇಟ್ ಮಾಡಿ. 30 ಮೆಗಾಹರ್ಟ್ಜ್ ಒಳಗೆ ಅದರ ಪ್ರಭಾವ ಕಡಿಮೆ, 145ರಲ್ಲಿ ಕಣ್ಣಿಗೆ ಕಾಣುತ್ತದೆ. ಲೋಡ್ ತುಂಡಿನ ಮೇಲೆ ಅನುಮಾನ ಬಂದರೆ ಮಲ್ಟಿಮೀಟರ್ ಹಿಡಿಯಿರಿ, 50 ಓಮ್‌ಗೆ ಒಂದೋ ಅರ್ಧವೋ ಆಚೀಚೆ ಇದ್ದರೆ ಸರಿ.

ಇನ್ನು ಕೇಬಲ್. ಪೆಟ್ಟಿಗೆಯಲ್ಲಿ ಅತಿ ಹೆಚ್ಚು ಇರುವುದೂ ಇದೇ, ಅತಿ ಹೆಚ್ಚು ಮೋಸ ಮಾಡುವುದೂ ಇದೇ. ಮೇಲಿನ ಅಕ್ಷರಗಳು ಅಳಿಸಿಹೋದ ಕೇಬಲ್ 50 ಓಮ್‌ನದೋ, ಟಿವಿಯ 75 ಓಮ್‌ನದೋ? ಒಂದು ತುದಿಯನ್ನು ಸಂಕೇತ ಹೊರಡುವ ಪೋರ್ಟ್ ಆದ ಸಿಎಚ್0ಗೆ ಸಿಕ್ಕಿಸಿ, ಇನ್ನೊಂದು ತುದಿ ತೆರೆದಿಡಿ. ಸ್ಮಿತ್ ಚಾರ್ಟ್‌ನಲ್ಲಿ (ಓಮ್‌ಗಳನ್ನು ತೋರಿಸುವ ದುಂಡು ನಕ್ಷೆ) ಗೆರೆ ಬಲ ತುದಿಯಿಂದ ಹೊರಟು ಕೆಳಗಿನ ಅರ್ಧದಲ್ಲಿ ಸುತ್ತಿ ಎಡಕ್ಕೆ ಬಂದು ನಡುಗೆರೆ ಮುಟ್ಟುವ ಮೊದಲ ಆವರ್ತನ ಗುರುತಿಸಿ. ಅಲ್ಲಿ ಕೇಬಲ್ ಕಾಲು ತರಂಗದಷ್ಟು ಉದ್ದವಿದೆ. 75ನ್ನು ವೆಲಾಸಿಟಿ ಫ್ಯಾಕ್ಟರ್‌ನಿಂದ (ಬೆಳಕಿನ ವೇಗಕ್ಕೆ ಹೋಲಿಸಿದರೆ ಕೇಬಲ್‌ನಲ್ಲಿ ಸಂಕೇತದ ವೇಗ) ಗುಣಿಸಿ, ಮೆಗಾಹರ್ಟ್ಜ್‌ನಿಂದ ಭಾಗಿಸಿದರೆ ಮೀಟರ್‌ನಲ್ಲಿ ಉದ್ದ. ಗಟ್ಟಿ ಪಾಲಿಥಿನ್ ಒಳಪದರದ ಕೇಬಲ್‌ಗೆ 0.66, ನೊರೆಯಂಥ ಫೋಮ್ ಪದರಕ್ಕೆ 0.8ರ ಮೇಲೆ. 5 ಮೆಗಾಹರ್ಟ್ಜ್‌ನಲ್ಲಿ ಮುಟ್ಟಿದ ಗಟ್ಟಿ ಪದರದ ಕೇಬಲ್ 9.9 ಮೀಟರ್, ಸುರುಳಿ ಬಿಚ್ಚಿ ಅಳೆಯುವುದೇ ಬೇಡ. ಈಗ ಆ ಆವರ್ತನದ ಅರ್ಧಕ್ಕೆ, ಅಂದರೆ 2.5ಕ್ಕೆ, ಮಾರ್ಕರ್ ತನ್ನಿ. ಅಲ್ಲಿ ರಿಯಾಕ್ಟೆನ್ಸ್ (ಕಾಯಿಲ್, ಕೆಪಾಸಿಟರ್ ಗುಣದ ತಡೆ, ಓಮ್‌ನಲ್ಲಿ) ಮೈನಸ್ 50ರ ಸುತ್ತ ಇದ್ದರೆ ಕೇಬಲ್ 50 ಓಮ್‌ನದು, ಮೈನಸ್ 75ರ ಸುತ್ತ ಇದ್ದರೆ ಟಿವಿಯದು. ಡಿಸ್‌ಲಾರ್ಡ್ ಎಂಬವರ ಫರ್ಮ್‌ವೇರ್ (ಯಂತ್ರದೊಳಗಿನ ತಂತ್ರಾಂಶ) ಹಾಕಿದ್ದರೆ ಮೆಶರ್ ಮೆನುವಿನ ಕೇಬಲ್ ಆಯ್ಕೆ ಈ ಲೆಕ್ಕ ತಾನೇ ಮಾಡುತ್ತದೆ. ಆದರೂ ಹೊಸಬರಿಗೆ ಒಮ್ಮೆ ಕೈಯಲ್ಲಿ ಮಾಡಿಸಿ; ಸ್ಮಿತ್ ಚಾರ್ಟ್ ಅರ್ಥವಾಗಲು ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

ಅದೇ ಜೋಡಣೆಯಲ್ಲಿ ನಷ್ಟವೂ ಸಿಗುತ್ತದೆ. 145 ಮೆಗಾಹರ್ಟ್ಜ್‌ನಲ್ಲಿ ಎಸ್11 ಲಾಗ್‌ಮ್ಯಾಗ್ (ತಿರುಗಿ ಬಂದ ಸಂಕೇತ, ಡೆಸಿಬೆಲ್‌ನಲ್ಲಿ) ಓದಿ. ಸಂಕೇತ ತುದಿಗೆ ಹೋಗಿ ತಿರುಗಿ ಬಂದಿರುವುದರಿಂದ ಅದರ ಅರ್ಧ ಮಾತ್ರ ಕೇಬಲ್ ನಷ್ಟ. ಮೈನಸ್ 6 ಕಂಡರೆ 3 ಡೆಸಿಬೆಲ್, ಅಂದರೆ ಕಳಿಸಿದ ಶಕ್ತಿಯಲ್ಲಿ ಅರ್ಧ ದಾರಿಯಲ್ಲೇ ಹೋಯಿತು. ಒಳ್ಳೆಯ ಆರ್‌ಜಿ-213 ಕೇಬಲ್ ಆದರೆ 10 ಮೀಟರ್‌ಗೆ 1 ಡೆಸಿಬೆಲ್‌ಗಿಂತ ಕಡಿಮೆ ತಿನ್ನಬೇಕು. ಅದರ ಎರಡು ಮೂರು ಪಟ್ಟು ತಿಂದರೆ ತುದಿಯ ಸಿಪ್ಪೆ ಕತ್ತರಿಸಿ ನೋಡಿ. ಹೆಣಿಗೆ ಕಪ್ಪಾಗಿದ್ದರೆ ಒಳಗೆ ನೀರು ಹೋಗಿದೆ. ಒಂದು ಅಡಿ ಕತ್ತರಿಸಿದ ಮೇಲೂ ಕಪ್ಪೇ ಕಂಡರೆ ಆ ಸುರುಳಿಯನ್ನು ಯಾರಿಗೂ ಮಾರಬೇಡಿ.

ಕೆಟ್ಟ ಕೇಬಲ್‌ನ ಇನ್ನೊಂದು ಗುಣ ಕ್ಲಬ್‌ಗಳನ್ನು ವರ್ಷಗಟ್ಟಲೆ ದಾರಿ ತಪ್ಪಿಸುತ್ತದೆ. 6 ಡೆಸಿಬೆಲ್ ತಿನ್ನುವ ಕೇಬಲ್‌ನ ಕೆಳತುದಿಯಲ್ಲಿ ಅಳೆದರೆ, ಮೇಲೆ ಆಂಟೆನಾ ಕಳಚಿ ಬಿದ್ದಿದ್ದರೂ ಎಸ್‌ಡಬ್ಲ್ಯುಆರ್ (ಆಂಟೆನಾ ಎಷ್ಟು ಹೊಂದಿದೆ ಎನ್ನುವ ಅಳತೆ, 1 ಎಂದರೆ ಪೂರ್ಣ ಹೊಂದಿಕೆ) 1.7 ದಾಟುವುದಿಲ್ಲ. ಹಿರಿಯರು ಹಾಕಿದ ಆಂಟೆನಾ ಇಂದಿಗೂ ಗಟ್ಟಿ ಎಂದು ಸಂತೋಷಪಡುವ ಮೊದಲು ಆಂಟೆನಾ ಬಿಚ್ಚಿ ಕೇಬಲ್ ಒಂದನ್ನೇ ಅಳೆಯಿರಿ.

ಮುಚ್ಚಿದ ಡಬ್ಬಿಯ ಬಾಲನ್‌ಗಳನ್ನು, ಅದೇ ಬಗೆಯ ಟ್ರಾನ್ಸ್‌ಫಾರ್ಮರ್‌ಗಳಾದ ಅನ್‌ಅನ್‌ಗಳನ್ನು ಒಡೆಯುವುದು ಬೇಡ. ಹೊರಬದಿಗೆ ತಕ್ಕ ರೆಸಿಸ್ಟರ್ ಕಟ್ಟಿ, ಒಳಬದಿಯಿಂದ 3ರಿಂದ 30 ಮೆಗಾಹರ್ಟ್ಜ್ ಸ್ವೀಪ್ ಮಾಡಿ. 4:1ಕ್ಕೆ 200 ಓಮ್, 9:1ಕ್ಕೆ 470, ತುದಿಯಿಂದ ಸಂಕೇತ ಕೊಡುವ ಎಂಡ್‌ಫೆಡ್ ಆಂಟೆನಾದ 49:1ಕ್ಕೆ ಎರಡು 4.7 ಕಿಲೋ ಓಮ್ ರೆಸಿಸ್ಟರ್‌ಗಳನ್ನು ಸಮಾಂತರವಾಗಿ. ಯಾವುದರಲ್ಲಿ ಎಸ್‌ಡಬ್ಲ್ಯುಆರ್ 2ರೊಳಗೆ ಕೂರುತ್ತದೋ ಅದೇ ಅದರ ಅನುಪಾತ. ವೈರ್‌ವೌಂಡ್ ರೆಸಿಸ್ಟರ್ ಬೇಡ, ಅದೇ ಒಂದು ಕಾಯಿಲ್‌ನಂತೆ ವರ್ತಿಸಿ ಅಳತೆ ಕೆಡಿಸುತ್ತದೆ. ಕಾರ್ಬನ್ ಅಥವಾ ಮೆಟಲ್ ಫಿಲ್ಮ್ ಇರಲಿ, ಕಾಲುಗಳು ಗಿಡ್ಡವಾಗಿರಲಿ.

ಗುರುತಿಲ್ಲದ ದೊಡ್ಡ ಫೆರೈಟ್ ಟೊರಾಯ್ಡ್‌ಗಳಿಗೆ 10 ಸುತ್ತು ತಂತಿ ಸುತ್ತಿ, 100 ಕಿಲೋಹರ್ಟ್ಜ್ ಹತ್ತಿರ ಇಂಡಕ್ಟೆನ್ಸ್ ಓದಿ. 2.4 ಇಂಚಿನ ಉಂಗುರದಲ್ಲಿ ಸುಮಾರು 100 ಮೈಕ್ರೊಹೆನ್ರಿ ಬಂದರೆ 43ನೇ ಸಂಖ್ಯೆಯ ಫೆರೈಟ್ ಮಿಶ್ರಣವಿರಬಹುದು, 17ರ ಹತ್ತಿರ ಬಂದರೆ 61. ಮೇಲ್ನೋಟಕ್ಕೆ ಎರಡೂ ಒಂದೇ ಬೂದು ಬಣ್ಣ. ತಪ್ಪಾಗಿ 61ರಲ್ಲಿ 80 ಮೀಟರ್ ಬ್ಯಾಂಡ್‌ನ ಚೋಕ್ (ಬೇಡದ ಪ್ರವಾಹ ತಡೆಯುವ ಸುರುಳಿ) ಕಟ್ಟಿದವರಿಗೆ ಅದು ಯಾಕೆ ಕೆಲಸ ಮಾಡುತ್ತಿಲ್ಲವೆಂದು ತಿಳಿಯುವುದೇ ಇಲ್ಲ. ಕ್ರಿಸ್ಟಲ್‌ಗಳನ್ನು ಎರಡು ಪೋರ್ಟ್‌ಗಳ ನಡುವೆ ಇಟ್ಟು ಎಸ್21 (ದಾಟಿಹೋದ ಸಂಕೇತ) ನೋಡಿ, ಆದರೆ ವ್ಯಾಪ್ತಿ 20 ಕಿಲೋಹರ್ಟ್ಜ್‌ಗಿಂತ ಹೆಚ್ಚು ಬೇಡ. ಅದರ ಶಿಖರ ಸೂಜಿಯಷ್ಟು ಸಣ್ಣದು, ದೊಡ್ಡ ವ್ಯಾಪ್ತಿಯಲ್ಲಿ ಬಿಂದುಗಳ ನಡುವೆ ಜಾರಿಹೋಗುತ್ತದೆ.

ಕ್ಲಬ್‌ಗೆ ಬಿಟ್ಟುಹೋದವುಗಳಲ್ಲಿ ಅತಿ ಬೆಲೆಬಾಳುವುದು, ಅತಿ ಹುಷಾರಾಗಿ ಮುಟ್ಟಬೇಕಾದ್ದು ರಿಪೀಟರ್‌ನ (ಸಂಕೇತ ಕೇಳಿ ಮತ್ತೆ ಕಳಿಸುವ ಕೇಂದ್ರ) ಡ್ಯುಪ್ಲೆಕ್ಸರ್. ಎರಡು ಮೀಟರ್ ಬ್ಯಾಂಡ್‌ನಲ್ಲಿ ಕಳಿಸುವ, ಕೇಳುವ ಆವರ್ತನಗಳ ನಡುವೆ ಸಾಮಾನ್ಯವಾಗಿ 600 ಕಿಲೋಹರ್ಟ್ಜ್ ಮಾತ್ರ ಇರುತ್ತದೆ. ಒಂದೇ ಆಂಟೆನಾದಲ್ಲಿ ಎರಡೂ ನಡೆಯುವುದು ಅದರ ಉದ್ದುದ್ದ ಕ್ಯಾವಿಟಿಗಳಿಂದಲೇ (ಆಯಾ ಆವರ್ತನಕ್ಕೆ ಕೂರಿಸಿದ ಲೋಹದ ಕೊಳವೆಗಳು). ಅವುಗಳನ್ನು ತಿರುಗಿಸಿ ಕೂರಿಸಿದವರು ಈಗಿಲ್ಲ, ಡ್ಯುಪ್ಲೆಕ್ಸರ್ ಸ್ಥಳ ಬದಲಿಸಿದೆ, ರಿಪೀಟರ್ ಕಿವುಡಾಗಿದೆ ಎಂಬ ಪರಿಸ್ಥಿತಿಯಲ್ಲಿ ಎಚ್4 ಎಷ್ಟು ನೆರವಾದೀತು? ಪೂರ್ತಿ ಅಲ್ಲ. ಇಡೀ ಡ್ಯುಪ್ಲೆಕ್ಸರ್‌ನ ತಡೆ 90 ಡೆಸಿಬೆಲ್ ಸುತ್ತ ಇರಬೇಕಾಗುತ್ತದೆ. ಈ ಯಂತ್ರಕ್ಕೆ 300 ಮೆಗಾಹರ್ಟ್ಜ್‌ನ ಕೆಳಗೆ ಕಾಣುವುದು ಸುಮಾರು 70ರ ತನಕ, ಅದರಾಚೆ ಹಾರ್ಮೋನಿಕ್ ಬಳಸಿ ಅಳೆಯುವುದರಿಂದ ಇನ್ನೂ ಕಡಿಮೆ. ಗೆರೆ ತಳ ಮುಟ್ಟಿ ಮುಳ್ಳುಮುಳ್ಳಾದರೆ ಅದು ಯಂತ್ರದ ಗದ್ದಲ, ಡ್ಯುಪ್ಲೆಕ್ಸರ್‌ನ ಆಳವಲ್ಲ. ಇದಕ್ಕೆ ಸರಿಯಾದ ದಾರಿ ಒಂದೊಂದೇ ಕ್ಯಾವಿಟಿಯನ್ನು ಬಿಡಿಯಾಗಿ ಕೂರಿಸುವುದು. ಒಂದರ ತಡೆ 30 ಡೆಸಿಬೆಲ್ ಆಸುಪಾಸು, ಅದನ್ನು ಎಚ್4 ಚೆನ್ನಾಗಿ ತೋರಿಸುತ್ತದೆ. ವ್ಯಾಪ್ತಿ 2 ಮೆಗಾಹರ್ಟ್ಜ್ ಇರಲಿ, 401 ಬಿಂದು ಇರಲಿ. ದಾಟಬೇಕಾದ ಆವರ್ತನದಲ್ಲಿ ಎಸ್11 ತಗ್ಗು ಮೊದಲು, ತಡೆಯಬೇಕಾದಲ್ಲಿ ನಾಚ್ (ತಡೆಯ ಆಳದ ಗುಂಡಿ) ಆಮೇಲೆ. ಒಂದನ್ನು ತಿರುಗಿಸಿದರೆ ಇನ್ನೊಂದು ಸ್ವಲ್ಪ ಸರಿಯುತ್ತದೆ, ಆದ್ದರಿಂದ ಎರಡು ಮೂರು ಸುತ್ತು ಬೇಕು. ಕ್ಯಾವಿಟಿಗಳ ನಡುವಿನ ಪುಟ್ಟ ಕೇಬಲ್‌ಗಳನ್ನು ಹೊಳೆಯುವ ಹೊಸ ಕೇಬಲ್‌ಗಳಿಂದ ಬದಲಿಸಲು ಹೋಗಬೇಡಿ. ಅವುಗಳ ಉದ್ದ ಲೆಕ್ಕ ಹಾಕಿ ಕತ್ತರಿಸಿದ್ದು. ಬಿಚ್ಚುವ ಮೊದಲೇ ಪ್ರತಿಯೊಂದಕ್ಕೂ ಚೀಟಿ ಕಟ್ಟಿ, ಫೋಟೊ ತೆಗೆಯಿರಿ.

ಈ ಯಂತ್ರ ಕೆಡುವ ಬಗೆಗಳೂ ಹೆಚ್ಚುಕಡಿಮೆ ಗೊತ್ತಿರುವವೇ. ಆಂಟೆನಾ ಕೇಬಲ್‌ನಲ್ಲಿ ಸ್ಥಾಯಿ ವಿದ್ಯುತ್ ಕೂತಿರುತ್ತದೆ. ಸಿಕ್ಕಿಸುವ ಮೊದಲು ನಡುವಿನ ಪಿನ್ನನ್ನು ಹೊರಕವಚಕ್ಕೆ ಒಮ್ಮೆ ತಾಗಿಸಿ ಖಾಲಿ ಮಾಡಿ. ಫೀಲ್ಡ್ ಡೇಯಲ್ಲಿ (ಬಯಲಲ್ಲಿ ಕೇಂದ್ರ ಹೂಡುವ ದಿನ) ಪಕ್ಕದ ಕಂಬದ ಆಂಟೆನಾದಿಂದ ಯಾರಾದರೂ 100 ವಾಟ್ ಕಳಿಸುತ್ತಿರುವಾಗ ಈ ಕಂಬದ ಆಂಟೆನಾ ಅಳೆಯಬೇಡಿ, ಗಾಳಿಯಲ್ಲೇ ಬರುವ ಶಕ್ತಿ ಒಳಗಿನ ಮಿಕ್ಸರ್ ಸುಡಲು ಸಾಕು. ಸೆಟ್‌ನ ಆಂಟೆನಾ ಸಾಕೆಟ್‌ಗೆ ಇದನ್ನು ಜೋಡಿಸುವ ಸಂದರ್ಭ ಬಂದರೆ ಮೈಕ್ ಕಿತ್ತಿಡಿ. ಪಿಟಿಟಿ (ಮಾತಾಡಲು ಒತ್ತುವ ಗುಂಡಿ) ಒಮ್ಮೆ ತಾಗಿದರೆ ಯಂತ್ರ ಮುಗಿಯಿತು. ಪ್ರೀಆಂಪ್ಲಿಫೈಯರ್ ಪರೀಕ್ಷಿಸುವಾಗ ಸಿಎಚ್0 ಕಡೆ 30 ಡೆಸಿಬೆಲ್ ಅಟೆನ್ಯುಯೇಟರ್ (ಸಂಕೇತ ತಗ್ಗಿಸುವ ತುಂಡು) ಹಾಕದಿದ್ದರೆ ಆಂಪ್ಲಿಫೈಯರ್ ಮಿತಿ ಮೀರಿ ಸುಳ್ಳು ಗೇನ್ ತೋರಿಸುತ್ತದೆ.

ಹಲವರು ಬಳಸುವಾಗ ಮೊದಲು ಸವೆಯುವುದು ಎಸ್ಎಂಎ ಸಾಕೆಟ್. ಈ ಬಗೆಯ ಕನೆಕ್ಟರ್‌ಗೆ ಸುಮಾರು 500 ಸಲ ಹಾಕಿ ತೆಗೆಯುವಷ್ಟೇ ಆಯಸ್ಸು. ಎರಡೂ ಪೋರ್ಟ್‌ಗಳಿಗೆ ಗಂಡು-ಹೆಣ್ಣು ಅಡಾಪ್ಟರ್ ಶಾಶ್ವತವಾಗಿ ಕೂರಿಸಿದರೆ ಸವೆಯುವುದು ಅದು, ಬದಲಿಸಲು ಸುಲಭ. ತಿರುಗಿಸುವಾಗ ನಟ್ ಮಾತ್ರ ತಿರುಗಲಿ, ಕೇಬಲ್ ತಿರುಗಿದರೆ ಪಿನ್ ಉಜ್ಜಿ ಹೋಗುತ್ತದೆ. ಬಿಸಿಲಿನಲ್ಲಿ ಪರದೆ ಕಾಣುವುದಿಲ್ಲ, ಇದೇ ನಮಗೆ ಅನ್ನಿಸಿದ ದೊಡ್ಡ ಕೊರತೆ. ಕಪ್ಪು ರಟ್ಟಿನ ಮರೆ ಮಾಡಿಕೊಳ್ಳುವುದೇ ಉಪಾಯ.

ಅಳತೆ ಮುಗಿದ ಮೇಲಿನ ಕೆಲಸ ಯಂತ್ರದ್ದಲ್ಲ, ಆದರೆ ಅದಿಲ್ಲದೆ ಅಳೆದದ್ದು ವ್ಯರ್ಥ. ಪ್ರತಿ ವಸ್ತುವಿನ ಎಸ್1ಪಿ ಅಥವಾ ಎಸ್2ಪಿ ಕಡತವನ್ನು ಕಾರ್ಡ್‌ಗೆ ಉಳಿಸಿ, ಕಡತಕ್ಕೆ ಕೊಟ್ಟ ಸಂಖ್ಯೆಯನ್ನೇ ವಸ್ತುವಿನ ಮೇಲಿನ ಚೀಟಿಗೂ ಬರೆಯಿರಿ. ಚೀಟಿಯಲ್ಲಿ ನಾಲ್ಕು ಸಾಲು: ಏನು, ಅಳತೆ ಎಷ್ಟು, ಅಳೆದ ದಿನ, ಯಾರದಾಗಿತ್ತು. ಕೊನೆಯ ಸಾಲಿಗೆ ಅವರ ಕಾಲ್‌ಸೈನ್, ಮನೆಯವರು ಒಪ್ಪಿದರೆ. ಅವರ ಲಾಗ್ ಪುಸ್ತಕ ಸಿಕ್ಕಿದರೆ ಆಂಟೆನಾ ಕಟ್ಟಿದ ದಿನದ ಎಸ್‌ಡಬ್ಲ್ಯುಆರ್ ಬರೆದಿಟ್ಟಿರುತ್ತಾರೆ. ಅದನ್ನೂ ಚೀಟಿಯ ಹಿಂಬದಿಗೆ ನಕಲು ಮಾಡಿ, ಈಗಿನ ಅಳತೆಯ ಜೊತೆ ಹೋಲಿಸಲು ಬೇರೆ ದಾಖಲೆ ಇರುವುದಿಲ್ಲ. ಮನೆಯವರಿಗೆ ಕೊಡುವ ಪಟ್ಟಿಯಲ್ಲೂ ಇದೇ ಅಂಕಿಗಳಿರಲಿ, ಕೆಟ್ಟದ್ದನ್ನು ಕೆಟ್ಟದ್ದೆಂದೇ ಬರೆದು.

ಕ್ಲಬ್‌ಗೆ ಒಂದು ಎಚ್4 ಸಾಕು. ಅದರ ಜೊತೆಗೆ ಎರಡನೇ ಕ್ಯಾಲಿಬ್ರೇಶನ್ ಸೆಟ್ ಒಂದನ್ನು ಬೀರುವಿನಲ್ಲಿ ಇಟ್ಟುಕೊಳ್ಳಿ. ಉಗುರಿನಷ್ಟು ದೊಡ್ಡ ಆ ಮೂರು ತುಂಡುಗಳಲ್ಲಿ ಒಂದು ಬೆಂಚಿನಿಂದ ಉರುಳಿಹೋದ ದಿನ ಯಂತ್ರ ಇದ್ದೂ ಇಲ್ಲದಂತಾಗುತ್ತದೆ.