ಇ-ಫೆಡ್ ನಡೆಸಲು ಡಿಸ್ಕಾರ್ಡ್: ಲಾಕರ್ ರೂಮಿಗೆ ಸೈ, ರಿಂಗಿಗೆ ಅಲ್ಲ

ತೊಂಬತ್ತರ ದಶಕದಲ್ಲಿ ಡಬ್ಲ್ಯೂಡಬ್ಲ್ಯೂಎಫ್ ಟ್ರಂಪ್ ಕಾರ್ಡ್ ಆಡಿದವರಿಗೆ ಗೊತ್ತು: ಎತ್ತರ, ತೂಕ, ಎದೆ ಸುತ್ತಳತೆ, ಯಾರ ಕಾರ್ಡಿನ ಅಂಕಿ ದೊಡ್ಡದೋ ಅವರದೇ ಗೆಲುವು. ಇ-ಫೆಡ್ ಎಂದರೆ ಅಂತರ್ಜಾಲದಲ್ಲಿ ಬರೆದು ಆಡುವ ಕಾಲ್ಪನಿಕ ಕುಸ್ತಿ ಕೂಟ; ಇಲ್ಲಿ ಅಂಕಿಯ ಜಾಗದಲ್ಲಿ ಬರಹ ಇರುತ್ತದೆ. ಹ್ಯಾಂಡ್ಲರ್ ಎಂದು ಕರೆಸಿಕೊಳ್ಳುವ ಬರಹಗಾರ ಒಬ್ಬ ಕಾಲ್ಪನಿಕ ಕುಸ್ತಿಪಟುವನ್ನು ಹುಟ್ಟಿಸಿ, ಅವನ ಬಾಯಲ್ಲಿ ಪ್ರೋಮೊ, ಅಂದರೆ ಎದುರಾಳಿಗೆ ಸವಾಲೆಸೆಯುವ ಮಾತು, ಆಡಿಸುತ್ತಾನೆ. ಪ್ರೋಮೊ ಇರುವ ಇಡೀ ಬರಹಕ್ಕೆ ರೋಲ್‌ಪ್ಲೇ ಎಂದು ಹೆಸರು. ಡೆಡ್‌ಲೈನ್ ಮುಗಿದ ಮೇಲೆ ಬುಕರ್, ಅಂದರೆ ಪಂದ್ಯಗಳನ್ನು ನಿರ್ಧರಿಸುವವನು, ಎರಡೂ ಕಡೆಯ ರೋಲ್‌ಪ್ಲೇ ಓದಿ ಗೆದ್ದವರನ್ನು ಆರಿಸುತ್ತಾನೆ, ಆಮೇಲೆ ಪಂದ್ಯವನ್ನು ಬರೆಯುತ್ತಾನೆ. ಫಲಿತಾಂಶವನ್ನು ಮೊದಲೇ ಮಾತಾಡಿಕೊಂಡು ಬರೆಯುವ ಆಂಗಲ್ ಫೆಡ್‌ಗಳೂ ಇವೆ, ಅದನ್ನು ಸಿಮ್ಯುಲೇಟರ್ ತಂತ್ರಾಂಶಕ್ಕೆ ಬಿಟ್ಟುಕೊಡುವ ಫೆಡ್‌ಗಳೂ ಇವೆ. ಇಲ್ಲಿ ಹೇಳುತ್ತಿರುವುದು ಬರಹ ನೋಡಿ ಫಲಿತಾಂಶ ಕೊಡುವ ಫೆಡ್‌ಗಳ ವಿಷಯ.

ಈಗ ಹೊಸ ಫೆಡ್ ಶುರು ಮಾಡುವವರು ಮೊದಲು ತೆರೆಯುವುದು ಡಿಸ್ಕಾರ್ಡ್ ಸರ್ವರ್, ಅಂದರೆ ಚಾನೆಲ್ ಎಂಬ ಕೋಣೆಗಳಿರುವ ತಮ್ಮದೇ ಹರಟೆಯ ಜಾಗ. 2015ರಲ್ಲಿ ಗೇಮ್ ಆಡುವವರ ಹರಟೆಗೆಂದು ಬಂದ ಸೇವೆ ಇದು. ದುಡ್ಡು ಕೊಡಬೇಕಿಲ್ಲ, ಹತ್ತು ನಿಮಿಷದಲ್ಲಿ ಸರ್ವರ್ ಸಿದ್ಧ. ಆದರೆ ಎಲ್ಲವನ್ನೂ ಅದರೊಳಗೇ ತುಂಬಿದರೆ ಬರಹದ ರೂಪವೇ ಬದಲಾಗುತ್ತದೆ, ಬಹುಪಾಲು ಕೆಟ್ಟದ್ದಕ್ಕೇ.

ಮೊದಲ ಅಡ್ಡಿ ಅಕ್ಷರಮಿತಿ. ಒಂದು ಸಂದೇಶಕ್ಕೆ 2,000 ಅಕ್ಷರ. ಡಿಸ್ಕಾರ್ಡ್‌ನ ನೈಟ್ರೋ ಚಂದಾ ಕಟ್ಟಿದರೆ 4,000. ಇಂಗ್ಲಿಷಿನಲ್ಲಿ 2,000 ಅಕ್ಷರ ಎಂದರೆ ಸುಮಾರು 350 ಪದ. 2,000 ಪದದ ರೋಲ್‌ಪ್ಲೇ ಒಂದನ್ನು ಹಾಕಲು ಆರು ತುಂಡು ಮಾಡಬೇಕು. ಒಟ್ಟಿಗೆ ಅಂಟಿಸಲು ಹೋದರೆ ಡಿಸ್ಕಾರ್ಡ್ ಅದನ್ನು ಟೆಕ್ಸ್ಟ್ ಫೈಲ್ ಮಾಡಿ ಲಗತ್ತಿಸುತ್ತದೆ. ಆಗ ಓರೆ ಅಕ್ಷರ, ದಪ್ಪ ಅಕ್ಷರ ಎಲ್ಲ ಹೋಗಿ ಬರೀ ನಕ್ಷತ್ರ ಚಿಹ್ನೆಗಳು ಉಳಿಯುತ್ತವೆ, ಫೋನಿನಲ್ಲಿ ಓದುವವರಿಗಂತೂ ಶಿಕ್ಷೆ. ತುಂಡು ತುಂಡಾಗಿ ಹಾಕುವಾಗ ನಡುವೆ ಯಾರೋ ಒಬ್ಬರು ನಗುವ ಇಮೋಜಿ ಹಾಕಿದರೆ ಪ್ರೋಮೊ ಅಲ್ಲಿಗೇ ಎರಡು ಹೋಳು.

ಇದಕ್ಕೆ ಮದ್ದು ಫೋರಂ ಚಾನೆಲ್. 2022ರಲ್ಲಿ ಸೇರಿದ ಈ ಸೌಲಭ್ಯದಲ್ಲಿ ಪ್ರತಿ ರೋಲ್‌ಪ್ಲೇಗೂ ಬೇರೆ ಪೋಸ್ಟ್, ಬೇರೆ ಶೀರ್ಷಿಕೆ. ಒಂದು ಚಾನೆಲ್‌ಗೆ 20 ಟ್ಯಾಗ್ ಇಡಬಹುದು, ಒಂದು ಪೋಸ್ಟ್‌ಗೆ ಐದು ಹಚ್ಚಬಹುದು. ಕುಸ್ತಿಪಟುಗಳ ಹೆಸರನ್ನು ಟ್ಯಾಗ್ ಮಾಡಲು ಹೋಗಬೇಡಿ. ರೋಸ್ಟರ್ (ಕುಸ್ತಿಪಟುಗಳ ಪಟ್ಟಿ) 20 ದಾಟಿದ ದಿನ ಪೇಚಾಟ. ಶೋ ಹೆಸರು, ಪ್ರಶಸ್ತಿ ಪಂದ್ಯ, ಟ್ಯಾಗ್ ಟೀಮ್ (ಜೋಡಿ ಕುಸ್ತಿ) ಎಂಬಂಥ ವರ್ಗಗಳು ಸಾಕು. ಪೋಸ್ಟ್‌ಗಳು ಹೆಚ್ಚೆಂದರೆ ಒಂದು ವಾರ ಸದ್ದಿಲ್ಲದಿದ್ದರೆ ಹಳೆಯ ಪೋಸ್ಟ್‌ಗಳ ಗುಂಪಿಗೆ ಸರಿದುಬಿಡುತ್ತವೆ. ಅಳಿಸಿಹೋಗಿರುವುದಿಲ್ಲ, ಆದರೆ ಹೊಸ ಹ್ಯಾಂಡ್ಲರ್ ಅಷ್ಟು ಕೆಳಗಿಳಿದು ಹುಡುಕುವುದಿಲ್ಲ.

ಹಳೆಯ ವ್ಯವಸ್ಥೆಯ ಜೊತೆ ಹೋಲಿಸದೆ ಈ ಕೊರತೆಯ ಆಳ ಗೊತ್ತಾಗದು. ಅಂತರ್ಜಾಲದ ಹಳೆಯ ಚರ್ಚಾಜಾಲವಾದ ಯೂಸ್‌ನೆಟ್‌ನಲ್ಲಿ ಕಾಲ್ಪನಿಕ ಕುಸ್ತಿಗೆಂದೇ ಒಂದು ಗುಂಪಿತ್ತು. ಆಮೇಲೆ ಜಿಯೋಸಿಟೀಸ್ ಪುಟಗಳು, ಯಾಹೂ ಗ್ರೂಪ್ಸ್, ಮತ್ತೆ ಈಝೀಬೋರ್ಡ್, ಇನ್ವಿಷನ್‌ಫ್ರೀ, ಪ್ರೋಬೋರ್ಡ್ಸ್ ಎಂಬ ಚರ್ಚಾ ಬೋರ್ಡ್‌ಗಳ ತಾಣಗಳು ಬಂದವು. ಆಗಿನ ರೋಲ್‌ಪ್ಲೇ ನಾಟಕದ ಹಸ್ತಪ್ರತಿಯಂತಿತ್ತು: ಕ್ಯಾಮೆರಾ ನಿಧಾನಕ್ಕೆ ಬೆಳಗುತ್ತದೆ, ಕಂಸದೊಳಗೆ ದೃಶ್ಯ, ನಾಯಕನ ಮಾತು ಕೆಂಪು ಬಣ್ಣದಲ್ಲಿ, ಮ್ಯಾನೇಜರನದು ನೀಲಿಯಲ್ಲಿ. ರೋಲ್‌ಪ್ಲೇಗಳ ಸಂಖ್ಯೆಗೆ ಮಿತಿಯಿಲ್ಲದ ಕಡೆ ಯಾರು ಹೆಚ್ಚು ಪೋಸ್ಟ್ ಹಾಕಿದರೋ ಅವರ ಕೈ ಮೇಲಾಗುತ್ತಿತ್ತು. ಆ ಹುಚ್ಚಾಟ ನಿಲ್ಲಿಸಲು ಬಂದದ್ದೇ ಪಂದ್ಯಕ್ಕೆ ಒಂದೋ ಎರಡೋ ರೋಲ್‌ಪ್ಲೇ, ಇಂತಿಷ್ಟು ಪದ ಎನ್ನುವ ನಿಯಮ. ಮಿತಿ ಬಂದ ಮೇಲೆ ಬರಹ ಬಲಿಯಿತು. ಕ್ಯಾಮೆರಾ ಇಲ್ಲದ ಹೊತ್ತಿನ ಬದುಕನ್ನು ಕತೆಯಂತೆ ಬರೆದು, ಕೊನೆಯ ಕಾಲು ಭಾಗದಲ್ಲಿ ಎದುರಾಳಿಯನ್ನು ಝಾಡಿಸುವ ಕ್ರಮ ನೆಲೆಯೂರಿತು. ಡಿಸ್ಕಾರ್ಡ್ ಹಿಂಡುವುದು ಈ ಕತೆಯ ಭಾಗವನ್ನೇ. ಆರು ತುಂಡು ಮಾಡುವ ರಗಳೆ ತಪ್ಪಿಸಲು ಹ್ಯಾಂಡ್ಲರ್‌ಗಳು ಮೊದಲು ಕತ್ತರಿಸುವುದು ಅದನ್ನು. ಬೈಗುಳ ಮಾತ್ರ ಉಳಿಯುತ್ತದೆ.

ಹಾಗೆಂದು ಡಿಸ್ಕಾರ್ಡ್ ಸೋತಿತು ಎನ್ನುವಂತಿಲ್ಲ. ತುಸು ಹೊತ್ತಿನ ಜಟಾಪಟಿಗೆ ಇದರ ಸಮಕ್ಕೆ ಬೇರೆ ಇಲ್ಲ. ಟಪ್ಪರ್‌ಬಾಕ್ಸ್ ಎಂಬ ಬಾಟ್ (ತಾನಾಗಿ ಕೆಲಸ ಮಾಡುವ ತಂತ್ರಾಂಶ) ಸೇರಿಸಿದರೆ ಹ್ಯಾಂಡ್ಲರ್ ತನ್ನ ಪಾತ್ರದ ಹೆಸರು, ಚಿತ್ರದೊಂದಿಗೇ ಮಾತಾಡಬಹುದು. ಪಾತ್ರವನ್ನು ನೋಂದಾಯಿಸುವಾಗ ಒಂದು ಗುರುತು ಕೊಡಬೇಕು, ಆ ಗುರುತಿನೊಳಗೆ ಬರೆದ ಸಾಲು ಮಾತ್ರ ಪಾತ್ರದ ಬಾಯಿಂದ ಬರುತ್ತದೆ. ಒಂದು ಎಚ್ಚರಿಕೆ: ಆ ಸಂದೇಶ ಬರೆದವರ ಖಾತೆಯಿಂದಲ್ಲ, ವೆಬ್‌ಹುಕ್ ಎಂಬ ಬೇರೆ ದಾರಿಯಲ್ಲಿ ಬರುವುದರಿಂದ ಬರೆದವರು ಅದನ್ನು ಎಂದಿನಂತೆ ತಿದ್ದಲಾರರು. ಪೆನ್ಸಿಲ್ ಇಮೋಜಿ ಒತ್ತಿ ಬಾಟ್ ಮೂಲಕವೇ ತಿದ್ದಬೇಕು. ಪ್ರಶ್ನಾರ್ಥಕ ಇಮೋಜಿ ಒತ್ತಿದರೆ ಪಾತ್ರದ ಹಿಂದೆ ಇರುವವರು ಯಾರೆಂದು ಬಾಟ್ ಹೇಳುತ್ತದೆ. ಜಗಳ ಪಾತ್ರಗಳದ್ದೋ ಮನುಷ್ಯರದ್ದೋ ಎಂಬ ಅನುಮಾನ ಬಂದಾಗ ಮಾಡರೇಟರ್‌ಗಳಿಗೆ ಇದು ಬೇಕಾಗುತ್ತದೆ.

ಡೆಡ್‌ಲೈನ್ ವಿಷಯದಲ್ಲಂತೂ ಪೂರ್ತಿ ಅಂಕ. ಇ-ಫೆಡ್‌ನಲ್ಲಿ ಬಹಳಷ್ಟು ಜಗಳ ಹುಟ್ಟುವುದೇ ಗಡಿಯಾರದಿಂದ. ಅಮೆರಿಕದ ಪೂರ್ವ ತೀರದ ಭಾನುವಾರ ರಾತ್ರಿ 11:59 ಎಂದರೆ ಭಾರತದಲ್ಲಿ ಸೋಮವಾರ ಬೆಳಿಗ್ಗೆ 9:29, ಅಲ್ಲಿ ಚಳಿಗಾಲದ ಸಮಯ ಶುರುವಾದರೆ 10:29. ಡಿಸ್ಕಾರ್ಡ್‌ನ ಟೈಮ್‌ಸ್ಟ್ಯಾಂಪ್ ಗುರುತು ಬಳಸಿದರೆ ಪ್ರತಿಯೊಬ್ಬರಿಗೂ ಅವರವರ ಊರಿನ ಸಮಯವೇ ಕಾಣುತ್ತದೆ. ಕೋನ ಕಂಸದೊಳಗೆ ಇಂಗ್ಲಿಷಿನ ಸಣ್ಣ ಟೀ, ಕೋಲನ್, ಯೂನಿಕ್ಸ್ ಸೆಕೆಂಡುಗಳ (1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳ) ಸಂಖ್ಯೆ, ಮತ್ತೆ ಕೋಲನ್, ದೊಡ್ಡ ಎಫ್. ಎಫ್ ಬದಲು ದೊಡ್ಡ ಆರ್ ಹಾಕಿದರೆ ಇನ್ನೆಷ್ಟು ಗಂಟೆ ಉಳಿದಿದೆ ಎಂದು ತೋರಿಸುತ್ತದೆ. ಎರಡನ್ನೂ ಒಟ್ಟಿಗೆ ಹಾಕಿ, ಪಿನ್ ಮಾಡಿ. ನೋ-ಶೋ ಮಾಡಿದವರ, ಅಂದರೆ ರೋಲ್‌ಪ್ಲೇ ಹಾಕದೆ ಉಳಿದವರ, ನೆಪಗಳಲ್ಲಿ ಒಂದಾದರೂ ಕಡಿಮೆಯಾಗುತ್ತದೆ.

ಉದ್ದದ ರೋಲ್‌ಪ್ಲೇಗೆ ಹಲವರು ಗೂಗಲ್ ಡಾಕ್ಸ್ ಲಿಂಕ್ ಕೊಡುತ್ತಾರೆ. ಓದಲು ಚೆನ್ನ. ಆದರೆ ಡೆಡ್‌ಲೈನ್ ಆದ ಮೇಲೂ ಬರೆದವರು ಒಳಗೊಳಗೇ ತಿದ್ದಬಹುದು, ಓದಲು ಮಾತ್ರ ಅನುಮತಿ ಇರುವ ತೀರ್ಪುಗಾರರಿಗೆ ಆವೃತ್ತಿಗಳ ಇತಿಹಾಸ ಕಾಣುವುದಿಲ್ಲ. ಡೆಡ್‌ಲೈನ್ ನಿಮಿಷಕ್ಕೆ ಬುಕರ್ ಪ್ರತಿ ಕಡತದ ಒಂದೊಂದು ನಕಲು ತೆಗೆದು, ಆ ನಕಲಿಗೇ ತೀರ್ಪು ಕೊಡಬೇಕು. ಇಲ್ಲವೇ ಪಿಡಿಎಫ್ ಕಡ್ಡಾಯ ಮಾಡಬೇಕು. ಅಸಲಿ ಹೆಸರು ಹೊರಬೀಳಬಾರದು ಎನ್ನುವವರು ಫೆಡ್‌ಗೆಂದೇ ಬೇರೆ ಖಾತೆ ಇಟ್ಟುಕೊಳ್ಳಲಿ. ಶೋ ಬರೆಯಲು ಮಾತ್ರ ಡಾಕ್ಸ್‌ಗೆ ಸಾಟಿಯಿಲ್ಲ: ಮೂವರು ಬುಕರ್‌ಗಳು ಒಂದೇ ಕಡತದಲ್ಲಿ ಒಂದೊಂದು ಪಂದ್ಯ ಬರೆಯಬಹುದು.

ಇನ್ನು ಬಾಳಿಕೆಯ ಪ್ರಶ್ನೆ. ಇ-ಫೆಡ್‌ನ ಆಸ್ತಿ ಎಂದರೆ ಅದರ ಹಳೆಯ ದಾಖಲೆ, ಯಾರು ಯಾವಾಗ ಬೆಲ್ಟ್ ಗೆದ್ದರು ಎಂಬ ಪಟ್ಟಿ. 2005ರಲ್ಲಿ ಈಝೀಬೋರ್ಡ್ ಮೇಲೆ ದಾಳಿಯಾಗಿ ಎಷ್ಟೋ ಬೋರ್ಡ್‌ಗಳ ಬರಹ ಅಳಿಸಿಹೋಯಿತು. 2009ರಲ್ಲಿ ಜಿಯೋಸಿಟೀಸ್ ಮುಚ್ಚಿತು, 2020ರ ಡಿಸೆಂಬರ್‌ನಲ್ಲಿ ಯಾಹೂ ಗ್ರೂಪ್ಸ್. 2017ರಲ್ಲಿ ಚಿತ್ರಗಳನ್ನು ಇಡುವ ತಾಣ ಫೋಟೋಬಕೆಟ್ ಬೇರೆ ತಾಣಗಳಲ್ಲಿ ಚಿತ್ರ ತೋರಿಸಲು ವರ್ಷಕ್ಕೆ ಸುಮಾರು 400 ಡಾಲರ್ ಕೇಳಿದಾಗ ಬ್ಯಾನರ್‌ಗಳೆಲ್ಲ ಮಾಯವಾದವು. ಡಿಸ್ಕಾರ್ಡ್‌ನಲ್ಲಿ ಅದೇ ಹಳ್ಳ ಬೇರೆ ರೂಪದಲ್ಲಿದೆ. ಅಲ್ಲಿ ಹಾಕಿದ ಚಿತ್ರದ ಲಿಂಕನ್ನು ಹೊರಗಿನ ಪುಟದಲ್ಲಿ ಬಳಸಿದರೆ ಒಂದು ದಿನದಲ್ಲಿ ಸತ್ತುಹೋಗುತ್ತದೆ. ಸರ್ವರ್‌ನೊಳಗಿನ ಬರಹ ಗೂಗಲ್ ಹುಡುಕಾಟಕ್ಕೆ ಸಿಗುವುದಿಲ್ಲ. ಇಡೀ ಸರ್ವರ್ ಇಳಿಸಿಕೊಳ್ಳುವ ಗುಂಡಿ ಇಲ್ಲ, ದತ್ತಾಂಶ ಕೇಳಿದರೆ ಸಿಗುವುದು ಅವರವರ ಸಂದೇಶ ಮಾತ್ರ. ಸರ್ವರ್ ಮಾಲೀಕ ಒಬ್ಬನೇ. ಸಿಟ್ಟಿನಲ್ಲಿ ಅವನು ಅಳಿಸಿದರೆ ವರ್ಷಗಳ ಚಾಂಪಿಯನ್‌ಶಿಪ್ ಇತಿಹಾಸ ಒಂದೇ ಕ್ಲಿಕ್ಕಿಗೆ ಹೋಯಿತು. ಬುಕರ್‌ಗಳ ಜಗಳಕ್ಕೆ ಹೆಸರಾದ ಹವ್ಯಾಸ ಇದು, ಅಸಂಭವ ಎನ್ನಬೇಡಿ.

ಆದ್ದರಿಂದ ಒಪ್ಪಬಹುದಾದ ಜೋಡಣೆ ಇಷ್ಟು. ರೋಲ್‌ಪ್ಲೇ ಮತ್ತು ಶೋಗಳು ಪ್ರೋಬೋರ್ಡ್ಸ್ ಅಥವಾ ಜೆಸಿಂಕ್‌ನಂಥ ಉಚಿತ ತಾಣದಲ್ಲಿ ಇರಲಿ; ಮಾತಿಗೆ ಬಣ್ಣವೂ ಬರುತ್ತದೆ, ಲಿಂಕೂ ಉಳಿಯುತ್ತದೆ. ಡಿಸ್ಕಾರ್ಡ್‌ನಲ್ಲಿ ಪ್ರಕಟಣೆ, ಹರಟೆ, ಪಾತ್ರಗಳ ಜಟಾಪಟಿ, ಬುಕರ್‌ಗಳ ಗುಟ್ಟಿನ ಕೋಣೆ: ನಾಲ್ಕು ಚಾನೆಲ್ ಸಾಕು. ನಲವತ್ತು ಚಾನೆಲ್ ತೆರೆದು ಹನ್ನೆರಡು ಜನರನ್ನು ಕೂರಿಸಿದರೆ ಖಾಲಿ ಕ್ರೀಡಾಂಗಣದಂತೆ ಕಾಣುತ್ತದೆ. ತಿಂಗಳಿಗೊಮ್ಮೆ ಬೆಲ್ಟ್ ಪಟ್ಟಿ ಮತ್ತು ಶೋಗಳನ್ನು ಒಂದು ಫೋಲ್ಡರ್‌ಗೆ ಇಳಿಸಿ, ಇಬ್ಬರ ಕಂಪ್ಯೂಟರಿನಲ್ಲಿ ಇಡಿ.

ನೈಟ್ರೋ ಬರೀ ಅಕ್ಷರಮಿತಿಗಾಗಿ ಕೊಳ್ಳಬೇಡಿ, ಕನ್ನಡದಲ್ಲಿ ಬರೆಯುವವರಂತೂ ಬೇಡವೇ ಬೇಡ. ಒತ್ತಕ್ಷರ, ಸ್ವರಚಿಹ್ನೆ ಎಲ್ಲವೂ ಬೇರೆ ಬೇರೆಯಾಗಿ ಎಣಿಕೆಯಾಗುತ್ತವೆ: ‘ಸ್ತ್ರೀ’ ಎಂಬ ಒಂದೇ ಅಕ್ಷರಕ್ಕೆ ಆರು. ಹಾಗಾಗಿ 2,000ದ ಮಿತಿ ಇನ್ನೂರು ಚಿಲ್ಲರೆ ಪದಕ್ಕೇ ಮುಗಿಯುತ್ತದೆ. ಇಮ್ಮಡಿ ಮಾಡಿದರೂ ಒಂದು ಪ್ರೋಮೊದ ಪೀಠಿಕೆ ಮುಗಿಯುವುದಿಲ್ಲ.