ಜಲಪಾತದ ದಾರಿಗೆ ನಾಲ್ಕು ಜೋಡಿ ಶೂ: ಯಾವುದು ಜಾರಿತು, ಯಾವುದು ನಿಂತಿತು

ಜಲಪಾತಕ್ಕೆ ನಡೆಯುವುದು ಬೆಟ್ಟ ಹತ್ತಿದ ಹಾಗಲ್ಲ. ಬೆಟ್ಟದ ದಾರಿ ಮೇಲೇರಿದಷ್ಟೂ ನೀರಿನಿಂದ ದೂರ ಹೋಗುತ್ತದೆ. ಇಲ್ಲಿ ದಾರಿ ನೀರನ್ನೇ ಹುಡುಕಿಕೊಂಡು ಹೊರಡುತ್ತದೆ. ಕಾಡು ತುಂಬಿದ ಕಣಿವೆಯಲ್ಲಿ ಹೊಳೆ ಸುತ್ತಿ ಬಳಸಿ ಹರಿಯುತ್ತದೆ, ಕಾಲುದಾರಿಗೆ ಮಾತ್ರ ಅಷ್ಟು ತಾಳ್ಮೆ ಇರುವುದಿಲ್ಲ. ಹಾಗಾಗಿ ಅದೇ ಹೊಳೆಯನ್ನು ಮತ್ತೆ ಮತ್ತೆ ದಾಟಬೇಕು. ನಡುವೆ ಕೆಸರು, ಕೊಳೆತ ಎಲೆ, ನೆನೆದ ಬೇರು. ಕೊನೆಗೆ ತುಂತುರು ಬಿದ್ದು ಬಿದ್ದು ಎಂದೂ ಒಣಗದ ಬಂಡೆ. ಇಷ್ಟಕ್ಕೂ ಒಂದೇ ಶೂ ಸಾಕಾಗಬೇಕು.

ಯಾವ ಶೂ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಕೇಳಿ ಕೇಳಿ ಸಾಕಾಗಿ ನಾನೇ ನಾಲ್ಕು ಜೋಡಿ ಹಾಕಿ ನೋಡಿದೆ. ಎಲ್ಲಕ್ಕೂ ಒಂದೇ ದಾರಿ: ಹೋಗಲು ಸುಮಾರು 5 ಕಿಲೋಮೀಟರ್, ಬರಲು ಅಷ್ಟೇ, ಮೂರು ಕಡೆ ಹೊಳೆ ದಾಟಬೇಕು. ಮಳೆ ಬಿದ್ದ ಮರುವಾರ ಒಮ್ಮೆ, ನೀರು ಇಳಿದ ಮೇಲೆ ಒಮ್ಮೆ, ಹೀಗೆ ಪ್ರತಿ ಜೋಡಿಗೂ ಎರಡು ಅವಕಾಶ ಕೊಟ್ಟೆ.

ಮೊದಲು ದುಬಾರಿಯದ್ದು. ಹರಡಿನ ಮೇಲಕ್ಕೆ ಬರುವ, ಒಳಗೆ ನೀರು ತಡೆಯುವ ಪದರ ಇರುವ ಬೂಟು. ಅಂಗಡಿಯಲ್ಲಿ ಹಾಕಿಕೊಂಡಾಗ ಎಂಥ ಧೈರ್ಯ! ಮೊದಲ ಒಂದು ಗಂಟೆ ಅದು ಕೊಟ್ಟ ಮಾತು ಉಳಿಸಿಕೊಂಡಿತು. ಒದ್ದೆ ಹುಲ್ಲು, ಕೆಸರು, ಪಾದ ಮುಳುಗದಷ್ಟು ನೀರು, ಏನೂ ಒಳಗೆ ಬರಲಿಲ್ಲ. ಎರಡನೇ ಹೊಳೆಯಲ್ಲಿ ನೀರು ಮೀನಖಂಡದವರೆಗೆ ಇತ್ತು. ಬೂಟಿನ ಬಾಯಿಂದಲೇ ಒಳಗೆ ಸುರಿಯಿತು. ಆಮೇಲೆ ಗೊತ್ತಾಯಿತು, ಹೊರಗಿನ ನೀರನ್ನು ಒಳಗೆ ಬಿಡದ ಪದರ ಒಳಗಿನ ನೀರನ್ನೂ ಹೊರಗೆ ಬಿಡುವುದಿಲ್ಲ. ಎರಡು ಬಕೆಟ್ ಹಾಕಿಕೊಂಡು ನಡೆದ ಹಾಗೆ, ಪ್ರತಿ ಹೆಜ್ಜೆಗೂ ಪಚಕ್ ಪಚಕ್. ಕೂತು, ಲೇಸ್ ಬಿಚ್ಚಿ, ನೀರು ಚೆಲ್ಲಿ, ಸಾಕ್ಸ್ ಹಿಂಡಿ ಮತ್ತೆ ಹಾಕಿಕೊಂಡೆ. 200 ಹೆಜ್ಜೆ ಆಚೆಗೆ ಮೂರನೇ ಹೊಳೆ ಕಾಯುತ್ತಿತ್ತು.

ಮನೆಗೆ ಬಂದು ತೂಕ ಹಾಕಿದೆ. ಒಣಗಿದ್ದಾಗ ಜೋಡಿಗೆ 1.2 ಕಿಲೋ ಇದ್ದದ್ದು ನೀರು ಚೆಲ್ಲಿದ ಮೇಲೂ 1.6 ಕಿಲೋ. ಕಾಲಿನ ಮೇಲಿನ ಒಂದು ಕಿಲೋ ಬೆನ್ನಿನ ಮೇಲಿನ ಐದು ಕಿಲೋಗೆ ಸಮ ಎಂಬ ಮಾತು ಚಾರಣಿಗರಲ್ಲಿ ಹಳೆಯದು. ಲೆಕ್ಕ ಎಷ್ಟು ಸರಿಯೋ ಆ ಕಡೆ ಇರಲಿ, ಅವತ್ತು ನನ್ನ ತೊಡೆಗಳು ಅದನ್ನು ಒಪ್ಪಿಕೊಂಡವು. ಬೂಟು ಪೂರ್ತಿ ಒಣಗಲು ಮೂರು ದಿನ ಬೇಕಾಯಿತು. ಹಿಮ್ಮಡಿಯ ಗುಳ್ಳೆ ಒಣಗಲು ಇನ್ನೂ ಜಾಸ್ತಿ.

ಎರಡನೆಯದು ಸ್ಯಾಂಡಲ್. ಪಟ್ಟಿ ಎಳೆದು ಕಟ್ಟಿಕೊಳ್ಳುವಂಥದ್ದು. ನೀರು ಬಂದಷ್ಟೇ ಬೇಗ ಹೋಗುತ್ತದೆ, ಹತ್ತು ನಿಮಿಷಕ್ಕೆ ಕಾಲು ಒಣಗುತ್ತದೆ, ಬ್ಯಾಗಿಗೆ ನೇತು ಹಾಕಿದರೆ ಭಾರವೂ ಅಲ್ಲ. ಹೊಳೆ ದಾಟುವಾಗ ಇದರಷ್ಟು ಸುಖ ಬೇರೆ ಇಲ್ಲ ಅಂತ ಮೊದಲು ಅನ್ನಿಸಿತು. ಆದರೆ ಹೊಳೆಯ ತಳದಲ್ಲಿರುವ ಕಲ್ಲು ಕಾಣುವುದಿಲ್ಲವಲ್ಲ! ಹರಿಯುವ ನೀರಿನಲ್ಲಿ ಕಾಲು ಎತ್ತಿ ಇಡುವುದಕ್ಕಿಂತ ಸವರಿಕೊಂಡು ಹೋಗುವುದೇ ಹೆಚ್ಚು. ಹಾಗೆ ಸವರುವಾಗ ಕಿರುಬೆರಳು ಬಂಡೆಯ ಸಂದಿಗೆ ಹೋಗಿ ಹೊಡೆಯಿತು. ಉಗುರು ಕಪ್ಪಾಗಿ ಎರಡು ತಿಂಗಳು ಉಳಿಯಿತು. ಸಣ್ಣ ಕಲ್ಲುಗಳು ಪಾದದಡಿ ಸೇರಿಕೊಳ್ಳುವುದು ಬೇರೆ. ಇಳಿಜಾರಿನಲ್ಲಿ ಒದ್ದೆ ಪಾದವೇ ಸ್ಯಾಂಡಲ್ಲಿನೊಳಗೆ ಜಾರುತ್ತದೆ. ಕೆಳಗೆ ಅಟ್ಟೆ ಗಟ್ಟಿಯಾಗಿ ಹಿಡಿದಿದ್ದರೂ ಮೇಲೆ ನಾವು ಜಾರುತ್ತಿರುತ್ತೇವೆ. ಇಂಬಳ ಇರುವ ಕಾಡಾದರಂತೂ ಅವಕ್ಕೆ ಬಾಗಿಲು ತೆರೆದು ಕರೆದ ಹಾಗೆ. ಅರ್ಧ ಗಂಟೆಯ ದಾರಿಗೆ, ಮುಂದೆ ಬೆರಳು ಮುಚ್ಚುವ ಸ್ಯಾಂಡಲ್ ಆದರೆ, ಸರಿ. ಅದಕ್ಕಿಂತ ಹೆಚ್ಚಿಗೆ ಬೇಡ.

ಇಲ್ಲಿ ಒಂದು ಮಾತು. ಕಾಲಿಗೆ ಏನೇ ಹಾಕಿರಿ, ಹರಿಯುವ ನೀರು ಮಂಡಿ ಮುಟ್ಟಿದರೆ ನಾನು ವಾಪಸ್. ನೀರಿನ ವೇಗ ಎರಡು ಪಟ್ಟಾದರೆ ಅದು ಕಾಲನ್ನು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ನಿನ್ನೆ ಸುಮ್ನೆ ದಾಟಿದ ಜಾಗ ಇವತ್ತು ಹಾಗಿರುವುದಿಲ್ಲ. ದಾಟುವ ಮುಂಚೆ ಬ್ಯಾಗಿನ ಸೊಂಟದ ಬೆಲ್ಟ್ ಬಿಚ್ಚಿಕೊಳ್ಳಬೇಕು, ಬಿದ್ದರೆ ಬ್ಯಾಗನ್ನು ಕಳಚಿ ಬಿಡಬಹುದು. ಕೋಲು ನೀರು ಬರುವ ದಿಕ್ಕಿಗೆ ಊರಬೇಕು. ಇದನ್ನು ಯಾವ ಶೂ ಕಂಪನಿಯೂ ಡಬ್ಬದ ಮೇಲೆ ಬರೆಯುವುದಿಲ್ಲ.

ಮೂರನೇ ಜೋಡಿ ಮೀನು ಹಿಡಿಯುವ ಗೆಳೆಯನೊಬ್ಬನಿಂದ ಎರವಲು ತಂದದ್ದು. ಅಟ್ಟೆಗೆ ರಬ್ಬರ್ ಬದಲು ದಪ್ಪನೆಯ ಫೆಲ್ಟ್, ಅಂದರೆ ಕಂಬಳಿಯನ್ನು ಒತ್ತಿ ಒತ್ತಿ ಗಟ್ಟಿ ಮಾಡಿದಂಥ ಬಟ್ಟೆ. ನೋಡಿ ನಗು ಬಂತು. ನೀರಿಗಿಳಿದ ಮೇಲೆ ನಗು ನಿಂತಿತು. ಪಾಚಿ ಬಂಡೆಯ ಮೇಲೆ ಇದು ಹಿಡಿದ ಹಾಗೆ ಉಳಿದ ಮೂರರಲ್ಲಿ ಒಂದೂ ಹಿಡಿಯಲಿಲ್ಲ. ಬಂಡೆಯ ಮೇಲಿನ ಲೋಳೆ ರಬ್ಬರಿಗೂ ಕಲ್ಲಿಗೂ ನಡುವೆ ಎಣ್ಣೆಯ ಹಾಗೆ ಕೂರುತ್ತದೆ. ಫೆಲ್ಟಿನ ಎಳೆಗಳು ಆ ಲೋಳೆಯನ್ನು ಒರೆಸಿಕೊಂಡು ಕೆಳಗಿನ ಕಲ್ಲನ್ನೇ ಮುಟ್ಟುತ್ತವೆ. ಮೂರು ಹೊಳೆಯನ್ನೂ ಮನೆಯ ಅಂಗಳ ದಾಟಿದ ಹಾಗೆ ದಾಟಿದೆ.

ಹಾಗಾದರೆ ಇದೇ ಗೆದ್ದಿತು ಅಲ್ವಾ? ಇಲ್ಲ. ಹೊಳೆ ಬಿಟ್ಟು ಮಣ್ಣಿನ ಏರು ಹತ್ತಲು ಶುರು ಮಾಡಿದೆ. ಫೆಲ್ಟಿಗೆ ಕೆಸರು ಮೆತ್ತಿಕೊಂಡಿತು, ಅದರ ಮೇಲೆ ಎಲೆ ಮೆತ್ತಿಕೊಂಡಿತು. ಎರಡು ಹೆಜ್ಜೆ ಮೇಲೆ, ಒಂದು ಹೆಜ್ಜೆ ಕೆಳಗೆ. ಇಳಿಯುವಾಗ ಮರಗಳನ್ನು ತಬ್ಬಿಕೊಂಡೇ ಇಳಿದೆ.

ಫೆಲ್ಟಿನ ಮೇಲೆ ಇನ್ನೂ ದೊಡ್ಡ ದೂರಿದೆ. ಅದು ಬೇಗ ಒಣಗುವುದಿಲ್ಲ, ಆ ತೇವದಲ್ಲಿ ಒಂದು ಹೊಳೆಯ ಜೀವಿಗಳು ಇನ್ನೊಂದು ಹೊಳೆಗೆ ಸವಾರಿ ಹೋಗುತ್ತವೆ. ಅದರಲ್ಲಿ ಹೆಸರು ಕೆಡಿಸಿಕೊಂಡದ್ದು ಡಿಡಿಮೊ ಎಂಬ ಒಂದೇ ಕೋಶದ ಪಾಚಿ. ಇಂಗ್ಲಿಷಿನಲ್ಲಿ ಅದಕ್ಕೆ 'ರಾಕ್ ಸ್ನಾಟ್' ಅನ್ನುತ್ತಾರೆ, ನಮ್ಮ ಮಾತಿನಲ್ಲಿ ಬಂಡೆಯ ಗೊಣ್ಣೆ. ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ನದಿಯಲ್ಲಿ 2004ರಲ್ಲಿ ಅದು ಕಂಡುಬಂತು. 2008ರಲ್ಲಿ ಅಲ್ಲಿ ಫೆಲ್ಟ್ ಅಟ್ಟೆಯ ಶೂ ಹಾಕಿ ಮೀನು ಹಿಡಿಯುವುದನ್ನು ನಿಷೇಧಿಸಿದರು. ಆಮೇಲೆ ಅಮೆರಿಕದ ಕೆಲವು ರಾಜ್ಯಗಳೂ ಫೆಲ್ಟಿಗೆ ತಡೆ ಹಾಕಿದವು. ಬೇರೆ ಶೂ ಹಾಕಿದವರೂ ಪಾಪಮುಕ್ತರೇನಲ್ಲ. ಇನ್ನೊಂದು ಕಣಿವೆಗೆ ಹೋಗುವ ಮುಂಚೆ ತೊಳೆದು, ಒಳಗೂ ಹೊರಗೂ ಒಣಗಿದ ಮೇಲೆ ಮತ್ತೆ 48 ಗಂಟೆ ಹಾಗೇ ಬಿಡಿ ಎಂದು ನ್ಯೂಜಿಲೆಂಡಿನಲ್ಲಿ ಹೇಳುತ್ತಾರೆ. ನಾನು ಆ ಜೋಡಿಯನ್ನು ಒಂದು ವಾರ ಒಣಗಿಸಿ ಗೆಳೆಯನಿಗೆ ವಾಪಸ್ ಕೊಟ್ಟೆ.

ನಾಲ್ಕನೆಯದು ಜಾಲರಿ ಬಟ್ಟೆಯ ಓಟದ ಶೂ, ಕಾಡುದಾರಿಯಲ್ಲಿ ಓಡುವವರು ಹಾಕುವಂಥದ್ದು. ನೀರು ತಡೆಯುವ ನಾಟಕವೇ ಇಲ್ಲ. ಮೊದಲ ಹೊಳೆಯಲ್ಲೇ ಕಾಲು ಪೂರ್ತಿ ಒದ್ದೆ. ದಡ ಹತ್ತಿ ಹತ್ತು ಹೆಜ್ಜೆ ಇಟ್ಟರೆ ಜಾಲರಿಯಿಂದ ನೀರೆಲ್ಲ ಹಿಂಡಿಕೊಂಡು ಹೊರಗೆ ಬರುತ್ತದೆ. ತೂಕ ಹಾಕಿದೆ: ಒಣಗಿದಾಗ ಜೋಡಿಗೆ 560 ಗ್ರಾಂ, ಹೊಳೆ ದಾಟಿ ಐದು ನಿಮಿಷಕ್ಕೆ 720. ಅಂದರೆ ಇದು ನೆನೆದರೂ ಒಣಗಿದ ಬೂಟಿಗಿಂತ ಎಷ್ಟೋ ಹಗುರ. ತೆಳು ಉಣ್ಣೆಯ ಸಾಕ್ಸ್ ಹಾಕಿದ್ದರಿಂದ ಒದ್ದೆಯಾದರೂ ಕಾಲು ಬೆಚ್ಚಗೇ ಇತ್ತು. ಹತ್ತಿಯ ಸಾಕ್ಸ್ ಹಾಕಿದ ದಿನ ಮಾತ್ರ ಚರ್ಮ ಸುಕ್ಕುಗಟ್ಟಿ ಸುಲಿಯಿತು.

ಆದರೆ ಅಟ್ಟೆ ನೋಡಿ ಕೊಳ್ಳಬೇಕು. ಎಲ್ಲರೂ ದೊಡ್ಡ ದೊಡ್ಡ ಹಲ್ಲು ಇರುವುದನ್ನೇ ಆರಿಸುತ್ತಾರೆ, ನಾನೂ ಹಾಗೇ ಮಾಡಿದ್ದೆ. ಹಲ್ಲಿನ ರಬ್ಬರ್ ಅಟ್ಟೆಯ ಕಥೆ ಶುರುವಾಗುವುದು ಆಲ್ಪ್ಸ್ ಪರ್ವತದಲ್ಲಿ. 1935ರಲ್ಲಿ ಇಟಲಿಯ ವಿಟಾಲೆ ಬ್ರಮಾನಿಯ ಆರು ಸಂಗಡಿಗರು ಅಲ್ಲಿ ಸತ್ತರು. ಅವರ ಕಾಲಿನಲ್ಲಿದ್ದ ಶೂ ಅಂಥ ಚಳಿಗೆ ತಕ್ಕದ್ದಾಗಿರಲಿಲ್ಲ. ಎರಡು ವರ್ಷದಲ್ಲಿ ಬ್ರಮಾನಿ ಬೆಟ್ಟಕ್ಕೆಂದೇ ಹಲ್ಲಿನ ರಬ್ಬರ್ ಅಟ್ಟೆ ಮಾಡಿದ. ಅದೇ 1935ರಲ್ಲಿ ಅಮೆರಿಕದ ಪಾಲ್ ಸ್ಪೆರಿ ಹಡಗಿನ ಒದ್ದೆ ಹಲಗೆಗೆಂದು ಬೇರೆ ಥರದ ಅಟ್ಟೆ ಮಾಡಿದ. ಅವನ ನಾಯಿ ಮಂಜುಗಡ್ಡೆಯ ಮೇಲೆ ಜಾರದೆ ಓಡುವುದನ್ನು ಕಂಡು, ಅದರ ಅಂಗಾಲಿನ ಗೆರೆಗಳ ಹಾಗೆ ರಬ್ಬರಿಗೆ ಸಣ್ಣ ಸೀಳು ಹಾಕಿದನಂತೆ. ಜಲಪಾತದ ದಾರಿಗೆ ಇಬ್ಬರೂ ಬೇಕು. ಕೆಸರಿಗೆ ಬ್ರಮಾನಿಯ ಹಲ್ಲು, ಒದ್ದೆ ಕಲ್ಲಿಗೆ ಮೆತ್ತನೆಯ ರಬ್ಬರು ಮತ್ತು ಸ್ಪೆರಿಯ ಸೀಳು. ನನಗೆ ಒಗ್ಗಿದ್ದು ಬೆರಳಿನ ಅಗಲದ ಗಿಡ್ಡ ಹಲ್ಲು, ಉಗುರಿನಿಂದ ಒತ್ತಿದರೆ ಸ್ವಲ್ಪ ಒಳಗೆ ಹೋಗುವಷ್ಟು ಮೆತ್ತನೆಯ ರಬ್ಬರು. ಇದು ಬೇಗ ಸವೆಯುತ್ತದೆ. ಒಂದೂವರೆ ವರ್ಷಕ್ಕೆ ನನ್ನದು ನುಣ್ಣಗಾಯಿತು.

ಹಾಗಾಗಿ ಈಗ ನಾನು ಹಾಕುವುದು ಇದನ್ನೇ. ಬೂಟನ್ನು ಮಾರಿಲ್ಲ. ಚಳಿಗಾಲದಲ್ಲಿ ಹೊಳೆ ಬತ್ತಿ ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ದಾಟುವಾಗ ಅದೇ ಒಳ್ಳೆಯದು. ಕೊರೆಯುವ ನೀರಿನಲ್ಲಿ ಜಾಲರಿ ಶೂ ಹಾಕಿ ಗಂಟೆಗಟ್ಟಲೆ ನಡೆಯುವ ಹುಚ್ಚು ನನಗಿಲ್ಲ.

ಒಂದನ್ನು ಹೇಳದೆ ಬಿಟ್ಟರೆ ಮೋಸವಾಗುತ್ತದೆ. ಜಲಪಾತದ ಬುಡಕ್ಕೆ ಇನ್ನು ಐವತ್ತು ಹೆಜ್ಜೆ ಇರುವಾಗ ಒಂದು ಓರೆ ಬಂಡೆ ಇದೆ. ತುಂತುರು ಬಿದ್ದು ಕಪ್ಪಗೆ ಹೊಳೆಯುತ್ತಿರುತ್ತದೆ. ಅಲ್ಲಿ ಬೂಟು ಜಾರಿತು, ಸ್ಯಾಂಡಲ್ ಜಾರಿತು, ಜಾಲರಿ ಶೂ ಜಾರಿತು, ಫೆಲ್ಟ್ ಕೂಡ ಮೇಲಿನ ದಾರಿಯ ಕೆಸರು ಮೆತ್ತಿಕೊಂಡಿದ್ದರಿಂದ ಜಾರಿತು. ನಾಲ್ಕು ಸಲವೂ ಕುಂಡೆ ಊರಿಕೊಂಡೇ ಜರುಗಿ ಇಳಿದೆ. ಪ್ಯಾಂಟುಗಳ ಹೋಲಿಕೆ ಬೇಕಿದ್ದರೆ ಕೇಳಿ, ಅದರಲ್ಲೂ ಎರಡು ಹರಿದಿವೆ.