ಟ್ರ್ಯಾಕ್ ಸ್ವಿಫ್ಟ್‌ಗೆ ಬಿಸಿ ರೇಸಿಂಗ್ ಬಿಆರ್ ಕಾಯಿಲ್‌ಓವರ್: ದಾವಣಗೆರೆಯಲ್ಲಿ ಕೂಡಿಸಿ, ಹೊಂದಿಸಿ ನೋಡಿದ ಮೇಲೆ

ದಾವಣಗೆರೆಯಲ್ಲಿದ್ದುಕೊಂಡು ರೇಸ್ ಟ್ರ್ಯಾಕಿಗೆಂದು ಕಾರನ್ನು ಸಿದ್ಧಪಡಿಸುವವರಿಗೆ ಮೊದಲ ತೊಡಕು ಟ್ರ್ಯಾಕಿನ ದೂರ. ಕೊಯಮತ್ತೂರಿನ ಹೊರಗೆ ಚೆಟ್ಟಿಪಾಳ್ಯಂನಲ್ಲಿರುವ 2.1 ಕಿಲೋಮೀಟರ್ ಉದ್ದದ ಕರಿ ಮೋಟಾರ್ ಸ್ಪೀಡ್‌ವೇ ಆಗಲಿ, ಚೆನ್ನೈ ಸಮೀಪದ ಇರುಂಗಾಟ್ಟುಕೋಟ್ಟೈಯಲ್ಲಿರುವ 3.7 ಕಿಲೋಮೀಟರಿನ ಟ್ರ್ಯಾಕ್ ಆಗಲಿ, ನಮ್ಮೂರಿನಿಂದ ಬೆಂಗಳೂರು ದಾಟಿಕೊಂಡೇ ಹೋಗಬೇಕಾದ ಸ್ಥಳಗಳು. ಟ್ರೇಲರ್ ಮೇಲೆ ಕಾರು ಹೇರಿಕೊಂಡು ಹೋಗುವ ಅನುಕೂಲ ಇಲ್ಲದವರು ಅದೇ ಕಾರನ್ನು ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಓಡಿಸಿಕೊಂಡು ಹೋಗಿ, ಅದರಲ್ಲೇ ಟ್ರ್ಯಾಕ್ ಸುತ್ತಿ, ಅದರಲ್ಲೇ ಮನೆಗೆ ಮರಳಬೇಕು. ಆದ್ದರಿಂದ ಇಲ್ಲಿ ಬೇಕಾದದ್ದು ಪೂರ್ಣ ರೇಸ್ ಸಸ್ಪೆನ್ಷನ್ ಅಲ್ಲ. ಹೆದ್ದಾರಿಯಲ್ಲಿ ಸೊಂಟ ಮುರಿಯದ, ತಿರುವಿನಲ್ಲಿ ಟೈರಿನ ಹೊರ ಅಂಚನ್ನು ತಿಂದುಹಾಕದ, ಎತ್ತರ ಮತ್ತು ಬಿಗಿ ಎರಡನ್ನೂ ಹೊಂದಿಸಬಹುದಾದ ಒಂದು ಜೋಡಣೆ. ನನ್ನ ಮೊದಲ ತಲೆಮಾರಿನ ಪೆಟ್ರೋಲ್ ಸ್ವಿಫ್ಟ್‌ಗೆ ತೈವಾನಿನ ಬಿಸಿ ರೇಸಿಂಗ್ (BC Racing) ಕಂಪನಿಯ ಬಿಆರ್ ಸರಣಿಯ ಕಾಯಿಲ್‌ಓವರ್ ಕಿಟ್ಟನ್ನು, ಎಂದರೆ ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್ ಮತ್ತು ಶಾಕ್‌ಗಳ ಜೋಡಣೆಯನ್ನು, ಆರಿಸಿದ್ದು ಈ ಲೆಕ್ಕದ ಮೇಲೆ.

ಆಯ್ಕೆಗೆ ಮುನ್ನ ಮಾರುಕಟ್ಟೆಯ ಮೆಟ್ಟಿಲುಗಳನ್ನು ತಿಳಿದುಕೊಳ್ಳುವುದು ಒಳ್ಳೆಯದು. ಜರ್ಮನಿಯ ಕೆಡಬ್ಲ್ಯೂ ಕಂಪನಿಯ ವೇರಿಯಂಟ್ 1ರಲ್ಲಿ ಎತ್ತರವನ್ನು ಮಾತ್ರ ಬದಲಿಸಬಹುದು. ವೇರಿಯಂಟ್ 2ರಲ್ಲಿ ಶಾಕ್ (ಸ್ಪ್ರಿಂಗಿನ ಕುಲುಕಾಟವನ್ನು ಅಡಗಿಸುವ ಶಾಕ್ ಅಬ್ಸಾರ್ಬರ್) ಹಿಗ್ಗುವಾಗಿನ ಬಿಗಿಯನ್ನೂ, ವೇರಿಯಂಟ್ 3ರಲ್ಲಿ ಕುಗ್ಗುವಾಗಿನ ಮತ್ತು ಹಿಗ್ಗುವಾಗಿನ ಬಿಗಿಯನ್ನು ಬೇರೆ ಬೇರೆಯಾಗಿಯೂ ಹೊಂದಿಸಬಹುದು. ಬಿಲ್‌ಸ್ಟೈನ್‌ನ ಬಿ14 ಕಿಟ್ಟಿನಲ್ಲಿ ಎತ್ತರ ಮಾತ್ರ ನಮ್ಮ ಕೈಯಲ್ಲಿರುತ್ತದೆ. ಜಪಾನಿನ ಟೀನ್ ಕಂಪನಿಯ ಫ್ಲೆಕ್ಸ್ ಜ಼ೆಡ್ 16 ಹಂತಗಳ ಹೊಂದಾಣಿಕೆ ಕೊಡುತ್ತದೆ, ಆದರೆ ಅದರ ಶಾಕ್ ಮುಚ್ಚಿದ ರಚನೆಯದು. ಸವೆದರೆ ಬಿಚ್ಚಿ ದುರಸ್ತಿ ಮಾಡುವುದಲ್ಲ, ಬದಲಾಯಿಸುವುದು. ಬಿಆರ್ ಸರಣಿಯಲ್ಲಿ 30 ಕ್ಲಿಕ್‌ಗಳಿವೆ (ಬಿಗಿ ಬದಲಿಸುವ ಹಂತಗಳು), ಶಾಕ್ ಒಂಟಿ ಕೊಳವೆಯದು, ಬಿಚ್ಚಿ ದುರಸ್ತಿ ಮಾಡಬಹುದಾದದ್ದು. ಆದರೆ ಒಂದೇ ಗುಬ್ಬಿಯನ್ನು (ನಾಬ್) ತಿರುಗಿಸಿದರೆ ಕುಗ್ಗುವ ಬಿಗಿ ಮತ್ತು ಹಿಗ್ಗುವ ಬಿಗಿ ಎರಡೂ ಒಟ್ಟಿಗೆ ಬದಲಾಗುತ್ತವೆ. ಕ್ಲಿಕ್‌ಗಳ ಸಂಖ್ಯೆ ಕೇಳಿ ಮರುಳಾಗುವವರು ಈ ಮಿತಿಯನ್ನು ಮೊದಲೇ ಅರಿತಿರಬೇಕು. ಸುಂಕ, ಸಾಗಣೆ ಎಲ್ಲ ಸೇರಿ ಖರ್ಚು ಲಕ್ಷ ದಾಟುತ್ತದೆ. ಹಳೆಯ ಸ್ವಿಫ್ಟ್‌ನ ಇವತ್ತಿನ ಬೆಲೆಯ ಪಕ್ಕದಲ್ಲಿ ಇಟ್ಟು ನೋಡಿದರೆ ಮನೆಯವರಿಗೆ ವಿವರಿಸುವುದು ಸುಲಭವಲ್ಲ.

ನನ್ನ ಮಟ್ಟಿಗೆ ಈ ಕಿಟ್ಟಿನ ನಿಜವಾದ ಅನುಕೂಲ ಕ್ಲಿಕ್‌ಗಳಲ್ಲಿಲ್ಲ, ಸ್ಪ್ರಿಂಗಿನ ಗಡಸುತನವನ್ನು ಬೇಡಿಕೆ ಸಲ್ಲಿಸುವಾಗಲೇ ನಾವು ಹೇಳಬಹುದು ಎಂಬುದರಲ್ಲಿದೆ. ಶಾಕ್ ಕೆಲಸ ಮಾಡುವುದು ಕಾರು ಅಲುಗಾಡುತ್ತಿರುವಷ್ಟು ಹೊತ್ತು ಮಾತ್ರ. ತಿರುವಿನ ನಡುವೆ ಕಾರು ಎಷ್ಟು ವಾಲಿ ನಿಲ್ಲುತ್ತದೆ ಎಂಬುದನ್ನು ತೀರ್ಮಾನಿಸುವುದು ಸ್ಪ್ರಿಂಗ್ ಮತ್ತು ಆ್ಯಂಟಿ ರೋಲ್ ಬಾರ್ (ಎಡ ಬಲ ಚಕ್ರಗಳನ್ನು ಜೋಡಿಸಿ ವಾಲುವುದನ್ನು ತಡೆಯುವ ಸರಳು). ಲೆಕ್ಕ ಕಷ್ಟವಲ್ಲ. ಮುಂದಿನ ಒಂದು ಚಕ್ರದ ಮೇಲೆ ಸ್ಪ್ರಿಂಗ್ ಹೊರುವ ಭಾರ ಸುಮಾರು 300 ಕೆ.ಜಿ. ಎಂದು ಇಟ್ಟುಕೊಳ್ಳಿ. ಪ್ರತಿ ಮಿಲಿಮೀಟರಿಗೆ 5 ಕೆ.ಜಿ. ಗಡಸುತನದ ಸ್ಪ್ರಿಂಗ್ ಹಾಕಿದರೆ, ಸ್ಟ್ರಟ್‌ನ (ಮುಂದಿನ ಸ್ಪ್ರಿಂಗ್ ಮತ್ತು ಶಾಕ್ ಒಂದಾಗಿರುವ ಕಂಬ) ಓರೆಯನ್ನು ಕಳೆದ ಮೇಲೆ, ಚಕ್ರದ ಬಳಿ ಅದು ನಾಲ್ಕೂವರೆಯಷ್ಟು ಆಗುತ್ತದೆ, ಮತ್ತು ಕಾರಿನ ಮುಂಭಾಗ ಸೆಕೆಂಡಿಗೆ ಸುಮಾರು 1.9 ಸಲ ತೂಗುತ್ತದೆ. ಸಾಮಾನ್ಯ ರಸ್ತೆ ಕಾರುಗಳಲ್ಲಿ ಇದು 1ರಿಂದ 1.5ರ ನಡುವೆ ಇರುತ್ತದೆ. 7 ಕೆ.ಜಿ. ಸ್ಪ್ರಿಂಗ್ ಹಾಕಿದರೆ ಸುಮಾರು 2.3 ಆಗುತ್ತದೆ, ಅದು ಸ್ಲಿಕ್ (ಗೀರುಗಳಿಲ್ಲದ ರೇಸ್ ಟೈರು) ಅಥವಾ ಅರೆ ಸ್ಲಿಕ್ ಟೈರಿಗೆ ಹೊಂದುವ ಮಾತು, ಅಂಗಡಿಯಲ್ಲಿ ಸಿಗುವ ರಸ್ತೆ ಟೈರಿಗೆ ಅಲ್ಲ. ರಸ್ತೆ ಟೈರಿನ ಹಿಡಿತ ಕಡಿಮೆ, ಕಾರು ವಾಲುವುದೂ ಕಡಿಮೆ. ಅದರ ಅಡಿಯಲ್ಲಿ ಅತಿ ಗಡಸು ಸ್ಪ್ರಿಂಗ್ ಇಟ್ಟರೆ ಟೈರು ರಸ್ತೆಯ ಉಬ್ಬುತಗ್ಗಿನ ಮೇಲೆ ಹಾರುತ್ತಾ ಇದ್ದ ಹಿಡಿತವನ್ನೂ ಕಳೆದುಕೊಳ್ಳುತ್ತದೆ. ಹೀಗಾಗಿ ಮುಂದೆ 5, ಹಿಂದೆ 4 ಎಂದು ಬರೆಸಿದೆ. ಬೇಡಿಕೆ ಸಲ್ಲಿಸುವಾಗ ಮಾದರಿಯ ಹೆಸರನ್ನಷ್ಟೇ ಹೇಳದೆ ತಯಾರಿಕೆಯ ವರ್ಷವನ್ನೂ ಸ್ಟ್ರಟ್‌ನ ಬೋಲ್ಟ್‌ಗಳ ಅಂತರವನ್ನೂ ಅಳೆದು ಕಳುಹಿಸಬೇಕು. ಸ್ವಿಫ್ಟ್ ಎಂಬ ಒಂದೇ ಹೆಸರಿನಲ್ಲಿ ಹಲವು ಕಾರುಗಳು ಬಂದುಹೋಗಿವೆ.

ಕೂಡಿಸುವ ಕೆಲಸವನ್ನು ಪಿ.ಬಿ. ರಸ್ತೆಯ ಬದಿಯ ಒಂದು ಹಳೆಯ ಗ್ಯಾರೇಜಿನಲ್ಲಿ ಮಾಡಿಸಿದೆ. ಮುಂದಿನ ಸ್ಟ್ರಟ್, ಚಕ್ರವನ್ನು ಹಿಡಿದಿರುವ ನಕಲ್ ಎಂಬ ಭಾಗಕ್ಕೆ ಎರಡು ಬೋಲ್ಟ್‌ಗಳಲ್ಲಿ ಕೂರುತ್ತದೆ, ಹಿಂದೆ ಸ್ಪ್ರಿಂಗ್ ಬೇರೆ, ಶಾಕ್ ಬೇರೆ. ಆದ್ದರಿಂದ ಬಿಚ್ಚಿ ಜೋಡಿಸುವುದರಲ್ಲಿ ವಿಶೇಷವೇನೂ ಇಲ್ಲ. ಒಬ್ಬ ಪಳಗಿದ ಮೇಸ್ತ್ರಿಗೆ ಒಂದು ದಿನದ ಕೆಲಸ. ಆದರೆ ಪಳಗಿದ ಕೈ ಯಾವುದು ಎಂಬುದು ಒಂದು ಸಣ್ಣ ಸಂಗತಿಯಲ್ಲಿ ಕಂಡಿತು. ಕಾರು ಇನ್ನೂ ಲಿಫ್ಟ್ ಮೇಲಿದ್ದಾಗ ನಾನು ಹಿಂದಿನ ಬೀಮಿನ (ಎರಡೂ ಹಿಂಚಕ್ರಗಳನ್ನು ಹಿಡಿದಿರುವ ತೊಲೆ) ಬುಷ್ ಬೋಲ್ಟ್‌ಗೆ ಸ್ಪ್ಯಾನರ್ ಹಾಕಲು ಹೋದರೆ ಮೇಸ್ತ್ರಿ ತಡೆದರು: "ಈಗ ಟೈಟ್ ಮಾಡಬ್ಯಾಡ್ರಿ ಸಾರ್, ಗಾಡಿ ನೆಲಕ್ಕ ಇಳಿಸಿ, ಭಾರ ಬಿದ್ದ ಮ್ಯಾಲೆ ಮಾಡೋಣ್ರಿ." ಚಕ್ರ ಜೋತಾಡುತ್ತಿರುವಾಗ ಬಿಗಿ ಮಾಡಿದ ರಬ್ಬರ್ ಬುಷ್, ಕಾರು ಇಳಿದ ಮೇಲೆ ಸದಾ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ, ಎತ್ತರದ ಅಳತೆಯನ್ನೂ ಕೆಡಿಸುತ್ತದೆ. ಹೊಳೆಯುವ ಷೋರೂಮುಗಳಲ್ಲೂ ಈ ಎಚ್ಚರ ಎಲ್ಲರಿಗೂ ಇರುವುದಿಲ್ಲ.

ಎತ್ತರದ ವಿಷಯದಲ್ಲಿ ಎರಡು ತಪ್ಪು ತಿಳಿವಳಿಕೆಗಳು ನಮ್ಮ ಕಡೆ ಬೇರೂರಿವೆ. ಒಂದು, ಸ್ಪ್ರಿಂಗಿನ ಕೆಳಗಿನ ರಿಂಗನ್ನು ಬಿಗಿ ಮಾಡಿದರೆ ಸ್ಪ್ರಿಂಗ್ ಗಡುಸಾಗುತ್ತದೆ ಎಂಬುದು. ಒಂದೇ ಸಮನಾದ ಗಡಸುತನದ ಸ್ಪ್ರಿಂಗನ್ನು ಮೊದಲೇ ಎಷ್ಟು ಒತ್ತಿ ಇಟ್ಟರೂ ಪ್ರತಿ ಮಿಲಿಮೀಟರಿಗೆ ಅದು ಕೊಡುವ ಬಲ ಅಷ್ಟೇ ಇರುತ್ತದೆ; ಬದಲಾಗುವುದು ಚಕ್ರ ಕೆಳಗಿಳಿಯಲು ಉಳಿಯುವ ಅವಕಾಶ. ಬಿಆರ್ ಕಿಟ್ಟಿನ ಮುಂದಿನ ಸ್ಟ್ರಟ್‌ನಲ್ಲಿ ಕೆಳಗಿನ ಬ್ರಾಕೆಟ್ಟನ್ನು ತಿರುಗಿಸಿ ಎತ್ತರವನ್ನು ಬದಲಿಸಬಹುದಾದ್ದರಿಂದ ಸ್ಪ್ರಿಂಗನ್ನು ಮುಟ್ಟುವ ಅಗತ್ಯವೇ ಬೀಳುವುದಿಲ್ಲ, ಶಾಕ್‌ನ ಓಟವೂ ಹಾಗೆಯೇ ಉಳಿಯುತ್ತದೆ. ಈ ಒಂದು ಅನುಕೂಲಕ್ಕೇ ಎತ್ತರ ಮಾತ್ರ ಬದಲಿಸುವ ಅಗ್ಗದ ಕಿಟ್‌ಗಳಿಗಿಂತ ಇದಕ್ಕೆ ಹೆಚ್ಚು ಬೆಲೆ ಕೊಡಬಹುದು. ಎರಡನೆಯದು, ಕಾರು ತಗ್ಗಿದಷ್ಟೂ ತಿರುವಿನಲ್ಲಿ ಚೆನ್ನಾಗಿ ಓಡುತ್ತದೆ ಎಂಬುದು. ಇಂಥ ಸ್ಟ್ರಟ್‌ನ (ಮ್ಯಾಕ್‌ಫರ್ಸನ್ ಸ್ಟ್ರಟ್) ಕಾರಿನಲ್ಲಿ ಲೋವರ್ ಆರ್ಮಿನ (ಚಕ್ರವನ್ನು ಕೆಳಗಿನಿಂದ ಕಾರಿಗೆ ಜೋಡಿಸುವ ತೋಳು) ಹೊರತುದಿ ಒಳತುದಿಗಿಂತ ಮೇಲಕ್ಕೆ ಹೋಗುವಷ್ಟು ತಗ್ಗಿಸಿದರೆ, ಕಾರು ವಾಲುವ ಕೇಂದ್ರವು ಕಾರಿನ ಭಾರಕೇಂದ್ರಕ್ಕಿಂತಲೂ ವೇಗವಾಗಿ ಕೆಳಗಿಳಿಯುತ್ತದೆ. ಆಗ ತಗ್ಗಿದ ಕಾರೇ ಹೆಚ್ಚು ವಾಲುತ್ತದೆ. ಚಕ್ರ ಮೇಲೆ ಕೆಳಗೆ ಆಡುವಾಗ ಸ್ಟಿಯರಿಂಗ್ ತಾನಾಗಿ ಅತ್ತಿತ್ತ ಎಳೆಯುತ್ತದೆ. 25 ಮಿಲಿಮೀಟರಿನಷ್ಟು ತಗ್ಗಿಸಿ, ಆರ್ಮ್ ನೆಲಕ್ಕೆ ಹೆಚ್ಚುಕಡಿಮೆ ಸಮಾಂತರವಾಗಿ ನಿಂತಲ್ಲಿಗೆ ನಾನು ಬಿಟ್ಟೆ. ಇದಕ್ಕಿಂತ ಕೆಳಗಿಳಿಸಿದ ಕಾರುಗಳು ನಿಟ್ಟುವಳ್ಳಿ, ವಿದ್ಯಾನಗರದ ಹಂಪ್‌ಗಳನ್ನು ಓರೆಯಾಗಿ ಹತ್ತಿ ಇಳಿಯುವುದನ್ನು ನೋಡಿದರೆ ಸಾಕು, ಉಳಿದದ್ದನ್ನು ವಿವರಿಸಬೇಕಿಲ್ಲ.

ಇನ್ನು ನಾಲ್ಕು ಮೂಲೆಗಳ ತೂಕ. ಹೊಂದಾಣಿಕೆಯ ಸಸ್ಪೆನ್ಷನ್ ಕೊಂಡವರಲ್ಲಿ ಬಹುತೇಕರು ಇದನ್ನು ಮಾಡುವುದೇ ಇಲ್ಲ, ಆದರೆ ಕಿಟ್ಟಿನ ಬೆಲೆ ವಸೂಲಾಗುವುದು ಇಲ್ಲಿಯೇ. ರೇಸ್ ತಂಡಗಳು ಬಳಸುವ ತೂಕದ ಯಂತ್ರಗಳು ನಮ್ಮಲ್ಲಿ ಸಿಗುವುದಿಲ್ಲ. ದಾವಣಗೆರೆಯಲ್ಲಿ ಅದರ ಅವಶ್ಯಕತೆಯೂ ಇಲ್ಲ. ಮೆಕ್ಕೆಜೋಳದ ವ್ಯಾಪಾರ ನಡೆಯುವ ಊರಿನಲ್ಲಿ ಚೀಲ ತೂಗುವ 500 ಕೆ.ಜಿ. ಸಾಮರ್ಥ್ಯದ ಎಲೆಕ್ಟ್ರಾನಿಕ್ ಕಾಟಾಗಳಿಗೆ ಬರವೇ? ಪರಿಚಯದ ದಲ್ಲಾಳಿ ಅಂಗಡಿಯಿಂದ ಒಂದೇ ಬಗೆಯ ನಾಲ್ಕು ಕಾಟಾ ತರಿಸಿ, ಗಾರೆ ಕೆಲಸದವರು ಬಳಸುವ ನೀರಿನ ಪೈಪಿನಿಂದ ನಾಲ್ಕರ ಮಟ್ಟವನ್ನೂ ಸರಿಮಾಡಿ, ಆ್ಯಂಟಿ ರೋಲ್ ಬಾರಿನ ಒಂದು ಲಿಂಕ್ ಕಳಚಿಟ್ಟು, ಟೈರುಗಳಿಗೆ ಸರಿಯಾದ ಗಾಳಿ ತುಂಬಿ, ಚಾಲಕನ ಸೀಟಿನಲ್ಲಿ ನನ್ನ ತೂಕದಷ್ಟೇ ಜೋಳದ ಚೀಲ ಇಟ್ಟು ಕಾರನ್ನು ಮೇಲೆ ನಿಲ್ಲಿಸಿದೆವು. ಮುಂದೆ ಎಡಗಡೆ 330, ಬಲಗಡೆ 352, ಹಿಂದೆ ಎಡಗಡೆ 208, ಬಲಗಡೆ 210 ಕೆ.ಜಿ. ಬಂತು. ಒಟ್ಟು 1,100ರಲ್ಲಿ ಮುಂದಿನ ಬಲ ಮತ್ತು ಹಿಂದಿನ ಎಡ ಮೂಲೆಗಳು ಸೇರಿ 560, ಇನ್ನೊಂದು ಕರ್ಣದ ಮೇಲೆ 540. ಎಂದರೆ ಕಾರು ಎಡ ತಿರುವಿನಲ್ಲಿ ಒಂದು ಬಗೆ, ಬಲ ತಿರುವಿನಲ್ಲಿ ಇನ್ನೊಂದು ಬಗೆ ವರ್ತಿಸುವುದು ಖಚಿತ. ಮುಂದಿನ ಎಡ ಮೂಲೆಯನ್ನು ಸ್ವಲ್ಪ ಎತ್ತರಿಸಿದರೆ ಭಾರ ಆ ಮೂಲೆಗೂ ಅದರ ಎದುರಿನ ಹಿಂದಿನ ಬಲ ಮೂಲೆಗೂ ಹೋಗುತ್ತದೆ. ಅದನ್ನೇ ಅಷ್ಟಷ್ಟೇ ತಿರುಗಿಸುತ್ತಾ, ಪ್ರತಿ ಸಲವೂ ಕಾರನ್ನು ಒತ್ತಿ ಕುಲುಕಿಸಿ ಸ್ಪ್ರಿಂಗ್ ನೆಲೆನಿಲ್ಲಿಸಿ, ಎರಡೂ ಕರ್ಣಗಳು ಸರಿಸಮವಾಗುವಂತೆ ತಂದೆವು. ಎಡ ಬಲಗಳ ಒಟ್ಟು ತೂಕವನ್ನಾಗಲಿ, ಹಿಂದು ಮುಂದಿನದನ್ನಾಗಲಿ ರಿಂಗ್ ತಿರುಗಿಸಿ ಬದಲಿಸಲಾಗದು; ಅದಕ್ಕೆ ಬ್ಯಾಟರಿಯನ್ನೋ ಸೀಟನ್ನೋ ಸರಿಸಬೇಕು.

ಅಲೈನ್‌ಮೆಂಟ್‌ನ, ಎಂದರೆ ಚಕ್ರಗಳ ಕೋನ ಸರಿಮಾಡಿಸುವುದರ, ಅನುಭವ ಇಷ್ಟು ಸುಖಕರವಾಗಿರಲಿಲ್ಲ. ಹೆದ್ದಾರಿ ಬದಿಯ ಒಂದು ದೊಡ್ಡ ಅಂಗಡಿಯಲ್ಲಿ ಹೊಸ ಯಂತ್ರವೇನೋ ಇತ್ತು, ಆದರೆ ಪರದೆಯ ಮೇಲೆ ಹಸಿರು ಬರುವವರೆಗೆ ತಿರುಗಿಸುವುದೇ ಅಲ್ಲಿನ ಹುಡುಗರ ಶಾಸ್ತ್ರ. ನಾನು ಮುಂದೆ ಋಣ 2.5 ಡಿಗ್ರಿ ಕ್ಯಾಂಬರ್ (ಚಕ್ರದ ಮೇಲ್ಭಾಗ ಒಳಕ್ಕೆ ವಾಲಿರುವ ಕೋನ) ಕೇಳಿದರೆ, ಕೆಂಪು ಬರುತ್ತದೆಂದು ಕಂಪನಿಯ ಅಂಕಿಗೇ ತಂದು ಕಾಗದ ಕೊಟ್ಟು, ಹಣವನ್ನೂ ತೆಗೆದುಕೊಂಡರು. ಮ್ಯಾಕ್‌ಫರ್ಸನ್ ಸ್ಟ್ರಟ್ ಕಾರು ವಾಲಿದಾಗ ಹೊರಗಿನ ಚಕ್ರಕ್ಕೆ ಬೇಕಾದಷ್ಟು ಕ್ಯಾಂಬರನ್ನು ತಾನಾಗಿ ಕೊಡುವುದಿಲ್ಲ. ಆ ಕೊರತೆಯನ್ನು ನಿಂತಾಗಲೇ ತುಂಬಿಸಿಡಬೇಕು, ಇಲ್ಲವಾದರೆ ಟೈರಿನ ಹೊರ ಭುಜ ಒಂದೇ ದಿನದಲ್ಲಿ ಸವೆದುಹೋಗುತ್ತದೆ. ಕಡೆಗೆ ನಮ್ಮ ಮೇಸ್ತ್ರಿಯೇ ದಾರ ಕಟ್ಟಿ, ಸ್ಟೀಲ್ ಪಟ್ಟಿಯಿಂದ ರಿಮ್ಮಿನ ಹಿಂದು ಮುಂದನ್ನು ಅಳೆದು ಟೋವನ್ನು (ಮೇಲಿನಿಂದ ನೋಡಿದಾಗ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಪ್ರಮಾಣ) ಸೊನ್ನೆಗೆ ತಂದರು. ಮೇಲಿನ ಪ್ಲೇಟಿನಲ್ಲಿ ಕ್ಯಾಂಬರ್ ಬದಲಿಸಿದಾಗಲೆಲ್ಲ ಟೋ ಕೂಡ ತಪ್ಪುತ್ತದೆ ಎಂಬುದು ಮರೆಯಬಾರದ ಸಂಗತಿ. ಊರಿಗೊಂದು, ಟ್ರ್ಯಾಕಿಗೊಂದು ಎಂದು ಪ್ಲೇಟನ್ನು ಸರಿಸುತ್ತಿದ್ದರೆ ಎರಡೂ ಕಡೆ ಟೋ ಅಳೆಯಲೇಬೇಕು. ಹಿಂದಿನ ಬೀಮಿನಲ್ಲಿ ಹೊಂದಿಸಲು ಏನೂ ಇಲ್ಲ.

ಕ್ಲಿಕ್‌ಗಳಿಗೆ ಕೈ ಹಾಕುವುದು ಇಷ್ಟೆಲ್ಲ ಆದ ಮೇಲೆ. ಗುಬ್ಬಿಯನ್ನು ಬಲಕ್ಕೆ ಪೂರ್ತಿ ಬಿಗಿದು ಅಲ್ಲಿಂದ ಹಿಂದಕ್ಕೆ ಎಣಿಸುವುದು ನನ್ನ ಪದ್ಧತಿ. ಹೆದ್ದಾರಿಗೆ ಮುಂದೆ 22, ಹಿಂದೆ 24 ಕ್ಲಿಕ್ ಸಡಿಲ. ಟ್ರ್ಯಾಕಿನಲ್ಲಿ ಮುಂದೆ 14, ಹಿಂದೆ 10. ಮುಂದಿನ ಚಕ್ರಗಳೇ ಎಳೆಯುವ ಈ ಕಾರು ತಿರುವಿಗೆ ನುಗ್ಗುವಾಗ ನೇರಕ್ಕೇ ಹೋಗಲು ನೋಡುತ್ತದೆ. ಹಿಂದಿನ ಶಾಕ್ ಬಿಗಿ ಮಾಡಿದರೆ ಬ್ರೇಕ್ ಬಿಡುವ ಹೊತ್ತಿಗೆ ಬಾಲ ಸ್ವಲ್ಪ ಸರಿದು ಮೂತಿ ತಿರುವಿನ ಕಡೆ ಬರುತ್ತದೆ. ಒಂದು ಸಲಕ್ಕೆ ಒಂದೇ ಜೋಡಿಯನ್ನು ಮೂರು ನಾಲ್ಕು ಕ್ಲಿಕ್ ಬದಲಿಸಬೇಕು. ಒಂದೊಂದೇ ಕ್ಲಿಕ್‌ನ ವ್ಯತ್ಯಾಸ ನಮ್ಮಂಥ ಹವ್ಯಾಸಿಗಳ ಸೊಂಟಕ್ಕೆ ತಿಳಿಯುವುದಿಲ್ಲ. ಪಿಟ್‌ಗೆ (ಟ್ರ್ಯಾಕಿನ ಬದಿಯ ನಿಲುಗಡೆ) ಬಂದ ಕೂಡಲೇ ಟೈರಿನ ಒಳ, ನಡು, ಹೊರ ಭಾಗಗಳ ಶಾಖವನ್ನು ಸೂಜಿ ಚುಚ್ಚುವ ಥರ್ಮಾಮೀಟರಿನಿಂದ ಅಳೆದರೆ ಕ್ಯಾಂಬರ್ ಸರಿಯೋ ಇಲ್ಲವೋ ತಿಳಿಯುತ್ತದೆ. ಹೊರಭಾಗವೇ ಹೆಚ್ಚು ಬಿಸಿ ಇದ್ದರೆ ಕ್ಯಾಂಬರ್ ಇನ್ನೂ ಬೇಕು; ಒಳಭಾಗ ಸ್ವಲ್ಪ ಬಿಸಿ ಇದ್ದರೆ ಚಿಂತೆಯಿಲ್ಲ.

ಊರಿನೊಳಗೆ ಈ ಕಿಟ್ ಸದ್ದು ಮಾಡುತ್ತದೆ. ಮೇಲಿನ ಮೌಂಟಿನಲ್ಲಿ ರಬ್ಬರಿನ ಬದಲು ಲೋಹದ ಗುಂಡಿನ ಕೀಲು ಇರುವುದರಿಂದ ಸಣ್ಣ ಗುಂಡಿಯೂ ಕ್ಯಾಬಿನ್ನಿಗೆ ಕೇಳಿಸುತ್ತದೆ. ಸ್ಟಿಯರಿಂಗ್‌ಗೆ ಸಿಗುವ ನಿಖರತೆಗೆ ಇದು ತೆರಬೇಕಾದ ಸುಂಕ. ಟ್ರ್ಯಾಕಿಗೆ ಹೋಗುವ ಉದ್ದೇಶವಿಲ್ಲದವರು, ಕೇವಲ ಚಕ್ರದ ಮೇಲಿನ ಸಂದು ಮುಚ್ಚಬೇಕೆನ್ನುವವರು, ದಯವಿಟ್ಟು ಇದನ್ನು ಕೊಳ್ಳಬೇಡಿ. ಒಳ್ಳೆಯ ಶಾಕ್ ಮತ್ತು ಟೈರಿಗೆ ಇದರ ಅರ್ಧ ಹಣ ಸಾಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ವಾಹನದ ಮಾರ್ಪಾಡಿನ ಮೇಲೆ ನಿರ್ಬಂಧ ಹೇರುತ್ತದೆ ಎಂಬುದನ್ನೂ ತಲೆಯಲ್ಲಿಟ್ಟುಕೊಂಡು, ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿಯೇ ಮುಂದುವರಿಯುವುದು ಲೇಸು.

ಕೊಳ್ಳುವವರು ಜೊತೆಗೇ ಉದ್ದ ಹೊಂದಿಸಬಹುದಾದ ಆ್ಯಂಟಿ ರೋಲ್ ಬಾರ್ ಲಿಂಕ್‌ಗಳನ್ನು ತರಿಸಿಕೊಳ್ಳಲಿ. ತಗ್ಗಿಸಿದ ಕಾರಿನಲ್ಲಿ ಕಂಪನಿಯ ಲಿಂಕ್ ಉದ್ದವಾಗಿ ಬಾರನ್ನು ಓರೆ ಮಾಡುತ್ತದೆ, ಮತ್ತು ತೂಕ ಸರಿಮಾಡಿದ ಮೇಲೆ ಲಿಂಕನ್ನು ಬಲವಂತವಾಗಿ ಎಳೆದು ಕೂರಿಸಿದರೆ ಕಾಟಾದ ಮೇಲೆ ಮಾಡಿದ ಕೆಲಸವೆಲ್ಲ ಅಲ್ಲೇ ಹಾಳಾಗುತ್ತದೆ. ಧೂಳಿನ ಕಾಲ ಮುಗಿದು ಮಳೆ ಶುರುವಾಗುವ ಮುನ್ನ ಬ್ರಷ್ಷಿನಿಂದ ಸಂದುಗೊಂದುಗಳನ್ನೂ ಬಿಡದೆ ಮುಂದಿನ ಸ್ಟ್ರಟ್‌ನ ತಿರುಪುಗಳನ್ನು ತೊಳೆದು ಗ್ರೀಸ್ ಸವರಿ, ಲಾಕ್ ರಿಂಗುಗಳನ್ನು ಇನ್ನೊಮ್ಮೆ ಬಿಗಿದುಕೊಳ್ಳಬೇಕು. ಕೆಸರು ಕಚ್ಚಿಕೊಂಡ ರಿಂಗನ್ನು ಕಿಟ್ಟಿನೊಂದಿಗೆ ಬರುವ ಸ್ಪ್ಯಾನರ್ ಅಲುಗಿಸಲಾರದು.